ಸೈಬರ್ ಭದ್ರತೆಯ ಕೆಲಸಕ್ಕೆ ಯಾವ ಪದವಿ? ಗಡಿನಾಡಿನ ಪ್ಲಸ್ ಟು ವಿದ್ಯಾರ್ಥಿಗಳಿಗೆ ಮಾಹಿತಿ

2017ರ ಮೇ 15, ಸೋಮವಾರ. ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯತು ಕಚೇರಿಯಲ್ಲಿ ಕಂಪ್ಯೂಟರ್ ತೆರೆದಾಗ ಕಡತಗಳ ಬದಲು ಕಾಣಿಸಿದ್ದು ಹಣ ಕೇಳುವ ಸಂದೇಶ. ಆ ವಾರ ಜಗತ್ತಿನಾದ್ಯಂತ ಹರಡಿದ ‘ವಾನಾಕ್ರೈ’ ಎಂಬ ಕುತಂತ್ರಾಂಶ ಕಡತಗಳಿಗೆಲ್ಲ ಬೀಗ ಜಡಿದು, ಬಿಡಿಸಲು 300 ಡಾಲರನ್ನು ಬಿಟ್‌ಕಾಯಿನ್ ರೂಪದಲ್ಲಿ ಕೇಳುತ್ತಿತ್ತು. ಅದು ನುಸುಳಿದ್ದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಕಂಪೆನಿ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲಿ ಪರಿಹಾರ ಬಿಡುಗಡೆ ಮಾಡಿತ್ತು. ಅದನ್ನು ಸಕಾಲದಲ್ಲಿ ಹಾಕಿಕೊಳ್ಳದ ಕಂಪ್ಯೂಟರುಗಳು ಲೆಕ್ಕವಿಲ್ಲದಷ್ಟಿದ್ದವು.

ಸೈಬರ್ ಭದ್ರತೆಯ ಕೆಲಸದ ಬಹುಪಾಲು ಇಂಥದ್ದೇ. ಸಿನಿಮಾದಲ್ಲಿ ತೋರಿಸುವ ಹಾಗೆ ಕತ್ತಲೆ ಕೋಣೆಯಲ್ಲಿ ಕುಳಿತು ಕೀಲಿಮಣೆ ಕುಟ್ಟುವುದಲ್ಲ. ಯಾವ ಯಂತ್ರಕ್ಕೆ ಯಾವ ಪರಿಹಾರ ಹಾಕಿಲ್ಲ, ಯಾರ ಕೈಯಲ್ಲಿ ಯಾವ ಪಾಸ್‌ವರ್ಡ್ ಇದೆ, ರಾತ್ರಿ ಎರಡು ಗಂಟೆಗೆ ಬ್ಯಾಂಕಿನ ಸರ್ವರಿಗೆ ಬಂದವನು ಯಾರು ಎಂದು ದಿನವೂ ನೋಡುತ್ತಿರುವುದು. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ನಿಂತು ರೋಗಿಗಳ ನೋಂದಣಿ ಕೈಬರಹಕ್ಕೆ ಬಂತು. ಆ ಬಳಿಕವಂತೂ ‘ಸೈಬರ್ ಸೆಕ್ಯುರಿಟಿ’ ಎಂಬ ಫಲಕವಿಲ್ಲದ ಖಾಸಗಿ ಕಾಲೇಜು ಸಿಗುವುದೇ ಅಪರೂಪ.

ಫಲಿತಾಂಶದ ದಿನಗಳಲ್ಲಿ ಗಡಿನಾಡಿನ ಮನೆಗಳಲ್ಲಿ ಏಳುವ ಪ್ರಶ್ನೆಯೂ ಅದೇ: ಆ ಹೆಸರಿನ ಪದವಿಗೇ ಸೇರಬೇಕೇ? ಅಡಿಕೆ ತೋಟದ ಆದಾಯ ನಂಬಿ, ಇಲ್ಲವೇ ಗಲ್ಫಿನಿಂದ ಬರುವ ಹಣ ನಂಬಿ ಸಾಲಕ್ಕೆ ಸಹಿ ಹಾಕುವ ತಂದೆ ತಾಯಿಗೆ ಇದು ಸಣ್ಣ ಪ್ರಶ್ನೆಯಲ್ಲ. ನೇರವಾಗಿ ಹೇಳುವುದಾದರೆ, ಸೇರಲೇಬೇಕೆಂದಿಲ್ಲ. ಮೊದಲ ಪದವಿಯಲ್ಲಿ ಬೇಕಾದದ್ದು ಗಟ್ಟಿ ತಳಪಾಯ. ವಿಶೇಷ ಪರಿಣತಿಯನ್ನು ಅದರ ಮೇಲೆ ಕಟ್ಟಬಹುದು.

ಪಠ್ಯಕ್ರಮ ನೋಡಿ, ಫಲಕ ನೋಡಬೇಡಿ

ಕಂಪ್ಯೂಟರ್ ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ಸಿ ಅಥವಾ ಪೈಥಾನ್‌ನಂಥ ಭಾಷೆಯಲ್ಲಿ ಪ್ರೋಗ್ರಾಮಿಂಗ್, ಜತೆಗೆ ಗಣಿತ. ಈ ಐದನ್ನು ಸರಿಯಾಗಿ ಕಲಿಸುವ ಪದವಿ ಯಾವುದಾದರೂ ಅದು ಸೈಬರ್ ಭದ್ರತೆಗೆ ದಾರಿಯೇ. ಒಂದು ಮನೆಗೆ ಕಳ್ಳ ಎಲ್ಲಿಂದ ನುಗ್ಗಬಹುದೆಂದು ಹೇಳಬೇಕಾದರೆ ಮನೆ ಕಟ್ಟುವುದು ಹೇಗೆಂದು ತಿಳಿದಿರಬೇಕಷ್ಟೆ. ಮೊದಲ ವರ್ಷದಲ್ಲೇ ‘ಎಥಿಕಲ್ ಹ್ಯಾಕಿಂಗ್’ ಇಟ್ಟು ನೆಟ್‌ವರ್ಕನ್ನು ಒಂದೇ ಸೆಮಿಸ್ಟರಿನಲ್ಲಿ ಮುಗಿಸುವ ಪಠ್ಯಕ್ರಮ ಕಂಡರೆ ಜಾಗ್ರತೆ ಬೇಕು. ಬ್ರೋಷರಿನ ಬಣ್ಣದ ಚಿತ್ರ ಬದಿಗಿಟ್ಟು ವಿಶ್ವವಿದ್ಯಾಲಯದ ಜಾಲತಾಣದಿಂದ ಸೆಮಿಸ್ಟರ್‌ವಾರು ಪಟ್ಟಿಯನ್ನೇ ಇಳಿಸಿಕೊಂಡು ಓದುವುದು ಒಳ್ಳೆಯದು.

ಪದವಿಯ ಹೆಸರು ಉದ್ದವಾದಷ್ಟೂ ಗಡಿನಾಡಿನವರಿಗೆ ಇನ್ನೊಂದು ತಲೆನೋವು. ಕೇರಳ ಪಿಎಸ್‌ಸಿ ಹುದ್ದೆಗೆ ಅರ್ಜಿ ಹಾಕುವಾಗ, ಹೊರರಾಜ್ಯದ ಪದವಿಯ ಹೆಸರು ಅಧಿಸೂಚನೆಯಲ್ಲಿರುವುದಕ್ಕಿಂತ ಬೇರೆಯಾಗಿದ್ದರೆ ತತ್ಸಮಾನ ಪ್ರಮಾಣಪತ್ರ ಕೇಳುವುದುಂಟು. ಬರೀ ‘ಬಿಸಿಎ’ ಎಂದಿರುವ ಪ್ರಮಾಣಪತ್ರ ಈ ಕಿರಿಕಿರಿಗೆ ಅಷ್ಟಾಗಿ ಸಿಲುಕುವುದಿಲ್ಲ. ಗಲ್ಫ್ ಕಡೆಗೆ ಕಣ್ಣಿಟ್ಟವರೂ ಗಮನಿಸಬೇಕು: ಕರ್ನಾಟಕದಲ್ಲಿ ಪಡೆದ ಪದವಿಯಾದರೆ ರಾಜ್ಯ ಮಟ್ಟದ ದೃಢೀಕರಣಕ್ಕೆ ಕರ್ನಾಟಕಕ್ಕೇ ಹೋಗಬೇಕು.

ಬಿ.ಟೆಕ್., ಬಿಸಿಎ, ಬಿ.ಎಸ್ಸಿ.

ಬಿ.ಟೆಕ್. ಕಂಪ್ಯೂಟರ್ ಸೈನ್ಸ್ ನಾಲ್ಕು ವರ್ಷ. ಖರ್ಚು ಹೆಚ್ಚು, ಮುಂದಿನ ಬಾಗಿಲುಗಳೂ ಹೆಚ್ಚು. ಗೇಟ್ ಪರೀಕ್ಷೆ ಬರೆದು ಎಂ.ಟೆಕ್.ಗೆ ಹೋಗಬಹುದು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಮಾಹಿತಿ ಭದ್ರತೆಯ ಎಂ.ಟೆಕ್. ಇದೆ, ಕಾಸರಗೋಡಿನವರಿಗೆ ಅದು ಒಂದೆರಡು ಗಂಟೆಯ ಹಾದಿ. ಜಿಲ್ಲೆಯೊಳಗೆ ಪೊವ್ವಲಿನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು 1993ರಿಂದಲೂ ಇದೆ. ಮನೆಯಿಂದಲೇ ಹೋಗಿಬರುವ ಅನುಕೂಲವನ್ನು ಹಗುರವಾಗಿ ಕಾಣಬಾರದು. ಹಾಸ್ಟೆಲಿಗೆ ಕೊಡುವ ಹಣದಲ್ಲಿ ಒಂದು ಒಳ್ಳೆಯ ಲ್ಯಾಪ್‌ಟಾಪ್ ಬರುತ್ತದೆ.

ಬಿಸಿಎ ಮತ್ತು ಬಿ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಕಡಿಮೆ ಖರ್ಚಿನ ದಾರಿ. ಇವನ್ನು ‘ಇಂಜಿನಿಯರಿಂಗ್ ಸಿಗದವರ ಕೋರ್ಸು’ ಎಂದು ಕೀಳಾಗಿ ಕಾಣುವ ಅಭ್ಯಾಸ ಊರಲ್ಲಿ ಇನ್ನೂ ಹೋಗಿಲ್ಲ. ಆದರೆ ಕಂಪೆನಿಗಳ ಭದ್ರತಾ ನಿಗಾ ಕೇಂದ್ರಗಳಿಗೆ (ಆ ವಲಯದಲ್ಲಿ ‘ಸಾಕ್’ ಎನ್ನುತ್ತಾರೆ) ಹೊಸಬರನ್ನು ತೆಗೆದುಕೊಳ್ಳುವಾಗ ಬಿಸಿಎ, ಬಿ.ಎಸ್ಸಿ. ಮಾಡಿದವರಿಗೂ ಅವಕಾಶವಿದೆ. ಅಲ್ಲಿ ಪಾಳಿಯ ಕೆಲಸ, ರಾತ್ರಿ ಪಾಳಿಯೂ ಇರುತ್ತದೆ. ಮಕ್ಕಳನ್ನು ಕಳುಹಿಸುವ ಮೊದಲು ಮನೆಯವರು ಇದನ್ನು ತಿಳಿದಿರಲಿ. 2024-25ರಿಂದ ಬಿಸಿಎ ಕೂಡ ಎಐಸಿಟಿಇ ವ್ಯಾಪ್ತಿಗೆ ಬಂದಿರುವುದರಿಂದ ಕಾಲೇಜಿಗೆ ಅನುಮೋದನೆ ಇದೆಯೇ ಎಂದು ಅದರ ಜಾಲತಾಣದಲ್ಲಿ ನೋಡಬಹುದು.

ಇಲ್ಲಿ ಎಲ್ಲರೂ ಎಡವುವುದು ಗಣಿತದಲ್ಲಿ. ಪ್ಲಸ್ ಒನ್‌ನಲ್ಲಿ ಗಣಿತವಿಲ್ಲದ ವಿಭಾಗ ತೆಗೆದುಕೊಂಡವರಿಗೆ ಬಿ.ಟೆಕ್. ಬಾಗಿಲು ಅಂದೇ ಮುಚ್ಚುತ್ತದೆ. ಬಿಸಿಎಗೆ ಹಲವೆಡೆ ಗಣಿತ ಕಡ್ಡಾಯವಲ್ಲ, ಸೇರಿಕೊಳ್ಳಬಹುದು. ಮೂರು ವರ್ಷ ಕಳೆದು ಎಂಸಿಎ ಎಂದಾಗ ಮತ್ತೆ ಗಣಿತ ಎದುರು ಬರುತ್ತದೆ. ಎನ್‌ಐಟಿಗಳ ಎಂಸಿಎಗೆ ಇರುವ ನಿಮ್‌ಸೆಟ್ ಪರೀಕ್ಷೆ ಬರೆಯಲು ಪದವಿಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರ ಓದಿರಬೇಕು. ಹಾಗಾಗಿ ಹತ್ತನೆಯ ತರಗತಿಯಲ್ಲಿ ಮಕ್ಕಳಿರುವ ಮನೆಯವರು ಇದನ್ನು ಈಗಲೇ ಓದಿದರೆ ಲಾಭ ಹೆಚ್ಚು.

ಕಾಮರ್ಸ್ ಓದಿದವರಿಗೂ ಒಂದು ದಾರಿ ಇದೆ. ಅದನ್ನು ಹೇಳುವವರು ಕಡಿಮೆ. ರಿಸರ್ವ್ ಬ್ಯಾಂಕ್ 2016ರ ಜೂನ್ 2ರಂದು ಬ್ಯಾಂಕುಗಳಿಗೆ ಸೈಬರ್ ಭದ್ರತಾ ಚೌಕಟ್ಟನ್ನು ಹೊರಡಿಸಿತು; ಮುಂದೆ ನಗರ ಸಹಕಾರಿ ಬ್ಯಾಂಕುಗಳಿಗೂ ಅಂಥ ನಿಯಮ ಬಂತು. ನಿಯಮ ಬಂದಲ್ಲಿ ಲೆಕ್ಕಪರಿಶೋಧನೆ ಬರುತ್ತದೆ. ಬಿ.ಕಾಂ. ಓದಿ, ವ್ಯವಸ್ಥೆಗಳ ಪರಿಶೋಧನೆ ಕಲಿತು, ಕೆಲವು ವರ್ಷಗಳ ಅನುಭವದ ಮೇಲೆ ‘ಸಿಸಾ’ ಪ್ರಮಾಣಪತ್ರ ಪಡೆದವರು ಈ ಕೆಲಸ ಮಾಡುತ್ತಾರೆ. ಸಹಕಾರಿ ಸಂಘದಲ್ಲಿ ದುಡಿದ ಅನುಭವ ಇಲ್ಲಿ ವ್ಯರ್ಥವಾಗುವುದಿಲ್ಲ.

ಗಡಿಯ ಯಾವ ಕಡೆ?

ಕೇರಳದ ವಿಶ್ವವಿದ್ಯಾಲಯಗಳಲ್ಲಿ, ಕಣ್ಣೂರು ವಿಶ್ವವಿದ್ಯಾಲಯವೂ ಸೇರಿ, 2024ರ ಜುಲೈಯಿಂದ ನಾಲ್ಕು ವರ್ಷದ ಪದವಿ ಬಂದಿದೆ. ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಲೂಬಹುದು. ಕರ್ನಾಟಕದಲ್ಲಿ ಆದದ್ದು ತಿರುಗಾಮುರುಗಾ. 2021-22ರಲ್ಲಿ ತಂದ ನಾಲ್ಕು ವರ್ಷದ ವ್ಯವಸ್ಥೆಯನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಲಾಯಿತು. ತಲಪಾಡಿಯ ಆಚೆ ಈಚೆ ಒಂದೇ ಬಿಸಿಎಗೆ ಎರಡು ಲೆಕ್ಕ! ನಾಲ್ಕು ವರ್ಷದ ಆನರ್ಸ್ ಮಾಡಿದವರಿಗೆ ಒಂದು ವರ್ಷದ ಸ್ನಾತಕೋತ್ತರಕ್ಕೆ ಯುಜಿಸಿ ಅವಕಾಶ ಕೊಟ್ಟಿದೆ. ಅಮೆರಿಕದಲ್ಲಿ ಎಂ.ಎಸ್. ಮಾಡಬೇಕೆಂದಿರುವವರಿಗೂ ನಾಲ್ಕನೆಯ ವರ್ಷ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಒಟ್ಟು 16 ವರ್ಷಗಳ ಓದು ಕೇಳುತ್ತವೆ. ಬೇಗ ಕೆಲಸಕ್ಕೆ ಸೇರಬೇಕಾದ ಮನೆಯ ಮಕ್ಕಳಿಗೆ ಮೂರು ವರ್ಷವೇ ಸಾಕು.

ಕೇರಳದ ಇಂಜಿನಿಯರಿಂಗ್ ಸೀಟಿಗೆ ‘ಕೀಮ್’ ಪರೀಕ್ಷೆ. ಕರ್ನಾಟಕದ ಸೀಟಿಗೆ ಸಿಇಟಿ. ಗಡಿನಾಡ ಕನ್ನಡಿಗರು ಎಂಬ ವರ್ಗದಲ್ಲಿ ಕರ್ನಾಟಕದ ಸಿಇಟಿ ಬರೆಯುವ ಹಕ್ಕು ಇಲ್ಲಿನ ಮಕ್ಕಳಿಗಿದೆ ಎಂಬುದು ಇನ್ನೂ ಹಲವು ಮನೆಗಳಿಗೆ ಗೊತ್ತಿಲ್ಲ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ನಿಗದಿತ ಗಡಿ ತಾಲೂಕುಗಳಲ್ಲಿ ವಾಸವಿದ್ದು ಓದಿರಬೇಕು. ಕಾಸರಗೋಡು ಮತ್ತು ಹೊಸದುರ್ಗ ಮಾತ್ರವಲ್ಲ, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆಂಧ್ರದ ಆದವಾನಿ, ರಾಯದುರ್ಗ, ಮಡಕಶಿರಾ, ತಮಿಳುನಾಡಿನ ಗಡಿ ತಾಲೂಕುಗಳೂ ಆ ಪಟ್ಟಿಯಲ್ಲಿವೆ. ಈ ವರ್ಗದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತ್ಯೇಕವಾಗಿ ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಊರಿನ ಕನ್ನಡ ಶಾಲೆಯಲ್ಲಿ ಓದಿದವರಿಗೆ ಅದು ಕಷ್ಟವಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಪೇಟೆಯಲ್ಲಿ ಮಲಯಾಳ ಎಂದು ಬೆಳೆದ ಮಕ್ಕಳು ಮಾತ್ರ ಕನ್ನಡ ಬರೆಯುವುದನ್ನು ಸ್ವಲ್ಪ ರೂಢಿ ಮಾಡಿಕೊಳ್ಳಬೇಕಾದೀತು. ನೆನಪಿಡಿ, ಸಿಇಟಿ ಇರುವುದು ಇಂಜಿನಿಯರಿಂಗಿನಂಥ ವೃತ್ತಿಪರ ಕೋರ್ಸುಗಳಿಗೆ, ಬಿಸಿಎ, ಬಿ.ಎಸ್ಸಿ.ಗೆ ಅದು ಬೇಡ.

ಸ್ನಾತಕೋತ್ತರದಲ್ಲಿ ವಿಶೇಷ ಓದು

ಸೈಬರ್ ಎಂಬ ಹೆಸರಿನ ಕೋರ್ಸಿಗೆ ಸೇರಲು ಸರಿಯಾದ ಹೊತ್ತು ಇದು. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ 2020ರಲ್ಲಿ ಆ ಹೆಸರು ಪಡೆಯಿತು. ಗಾಂಧಿನಗರದ ಮುಖ್ಯ ಕ್ಯಾಂಪಸ್ ಅಲ್ಲದೆ ಗೋವಾ ಮತ್ತು ಧಾರವಾಡದಲ್ಲೂ ಅದರ ಕ್ಯಾಂಪಸ್ಸುಗಳಿವೆ. ಸೈಬರ್ ಭದ್ರತೆ, ಡಿಜಿಟಲ್ ಫೊರೆನ್ಸಿಕ್ ಕಲಿಸುವ ಈ ಸಂಸ್ಥೆಯಲ್ಲಿ ಯಾವ ಕೋರ್ಸು ಯಾವ ಕ್ಯಾಂಪಸ್ಸಿನಲ್ಲಿ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಬೇಕು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್ಸಿ. ಇದೆ, ಪ್ರವೇಶ ಸಿಯುಇಟಿ ಮೂಲಕ. ಸಿ-ಡ್ಯಾಕ್ ಸಂಸ್ಥೆಯ ‘ಡಿಟಿಸ್’ ಎಂಬ ಸ್ನಾತಕೋತ್ತರ ಡಿಪ್ಲೊಮಾ ಕೆಲಸಕ್ಕೆ ಹತ್ತಿರದ್ದು. ಹೆಚ್ಚಾಗಿ ಇಂಜಿನಿಯರಿಂಗ್ ಅಥವಾ ಎಂಸಿಎ ಮುಗಿಸಿದವರು ಸಿ-ಕ್ಯಾಟ್ ಪರೀಕ್ಷೆ ಬರೆದು ಸೇರುತ್ತಾರೆ.

ಕಾಲೇಜು ಒಳ್ಳೆಯದೋ ಎಂದು ತಿಳಿಯಲು ಒಂದು ಸುಲಭ ಉಪಾಯ, ಅಲ್ಲಿ ವಿದ್ಯಾರ್ಥಿಗಳ ಭದ್ರತಾ ಕೂಟ ಇದೆಯೇ, ‘ಸಿಟಿಎಫ್’ ಸ್ಪರ್ಧೆಗಳಿಗೆ ಹೋಗುತ್ತಾರೆಯೇ ಎಂದು ವಿಚಾರಿಸುವುದು. ಕೊಲ್ಲಂ ಜಿಲ್ಲೆಯ ಅಮೃತಪುರಿಯ ವಿದ್ಯಾರ್ಥಿಗಳ ‘ಬಯೋಸ್’ ತಂಡ ಇಂಥ ಸ್ಪರ್ಧೆಗಳಿಂದಲೇ ಹೆಸರಾದದ್ದು. ಕಟ್ಟಡ ನೋಡಿ ಬರುವ ಬದಲು ಎರಡನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳೊಡನೆ ಕ್ಯಾಂಟೀನಿನಲ್ಲಿ ಮಾತಾಡಿ ಬಂದರೆ ನಿಜ ಸಂಗತಿ ತಿಳಿಯುತ್ತದೆ.

ಪ್ರಮಾಣಪತ್ರಗಳ ಮಾರುಕಟ್ಟೆ

ಪದವಿಯ ಜತೆ ಪ್ರಮಾಣಪತ್ರ ಬೇಕೆಂದು ತರಬೇತಿ ಕೇಂದ್ರಗಳು ಹೇಳುತ್ತವೆ. ಅದರಲ್ಲಿ ಸತ್ಯವಿದೆ, ವ್ಯಾಪಾರವೂ ಇದೆ. ‘ಸಿಇಎಚ್’ ಹೆಸರುವಾಸಿ, ಆದರೆ ದುಬಾರಿ. ‘ಸೆಕ್ಯುರಿಟಿ ಪ್ಲಸ್’ ಆರಂಭಿಕರಿಗೆ ತಕ್ಕದ್ದು. ‘ಒಎಸ್‌ಸಿಪಿ’ ಸುಮಾರು 24 ಗಂಟೆಗಳ ಪ್ರಾಯೋಗಿಕ ಪರೀಕ್ಷೆ, ಬಾಯಿಪಾಠ ನಡೆಯುವುದಿಲ್ಲ. ಅದಕ್ಕೇ ಅದಕ್ಕೆ ಬೆಲೆ. ‘ಸಿಐಎಸ್‌ಎಸ್‌ಪಿ’ಗೆ ಐದು ವರ್ಷಗಳ ಕೆಲಸದ ಅನುಭವ ಬೇಕು, ಪದವಿಯಿದ್ದರೆ ಒಂದು ವರ್ಷದ ರಿಯಾಯಿತಿ. ಆದ್ದರಿಂದ ಪ್ಲಸ್ ಟು ಮುಗಿಸಿದವರನ್ನು ಆರು ತಿಂಗಳಲ್ಲಿ ‘ಸಿಐಎಸ್‌ಎಸ್‌ಪಿ’ ಮಾಡಿಸುತ್ತೇವೆ ಎನ್ನುವವರಿಗೆ ಹಣ ಕೊಡಬಾರದು. ಕೆಲಸ ‘ಗ್ಯಾರಂಟಿ’ ಎಂದು ಮುಂಗಡ ಕೇಳುವವರಿಗೂ ಅಷ್ಟೇ.

ಸ್ವಂತ ಅಭ್ಯಾಸಕ್ಕೆ ಹಣ ಬೇಡ. ಈ ವಿಷಯದಲ್ಲಿ ಕೇರಳದ ಕನ್ನಡ ಮಾಧ್ಯಮದ ಮಕ್ಕಳು ಒಂದು ಹೆಜ್ಜೆ ಮುಂದಿದ್ದಾರೆ. ಐಟಿ@ಸ್ಕೂಲ್ ಯೋಜನೆಯ ಕಾಲದಿಂದ ಇಲ್ಲಿನ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸಿನಲ್ಲಿ. ಭದ್ರತೆಯ ಕೆಲಸಗಾರರ ದಿನನಿತ್ಯದ ಉಪಕರಣವೂ ಅದೇ. ಎಂಟು ಜಿಬಿ ರ‍್ಯಾಮ್ ಇರುವ ಹಳೆಯ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಕಾಲಿ ಲಿನಕ್ಸ್ ಓಡಿಸಬಹುದು. ‘ಪಿಕೊಸಿಟಿಎಫ್’, ‘ಓವರ್ ದ ವೈರ್’ ಪುಕ್ಕಟೆ. ಸ್ವಯಂ ಜಾಲತಾಣದಲ್ಲಿ ಐಐಟಿ ಅಧ್ಯಾಪಕರ ಪಾಠಗಳಿವೆ. ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವುದನ್ನೂ, ಕಂಡದ್ದನ್ನು ಸರಳ ಇಂಗ್ಲಿಷಿನಲ್ಲಿ ವರದಿ ಬರೆಯುವುದನ್ನೂ ಕಲಿಯಲೇಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ಒಂದು ಎಚ್ಚರಿಕೆ. ಕಲಿತದ್ದನ್ನು ಊರಿನ ಸಹಕಾರಿ ಬ್ಯಾಂಕಿನ ಮೇಲೋ ಶಾಲೆಯ ಜಾಲತಾಣದ ಮೇಲೋ ಪ್ರಯೋಗಿಸಿದರೆ ಅದು ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ನೇ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ‘ತಮಾಷೆಗೆ ಮಾಡಿದೆ’ ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಹಿನ್ನೆಲೆ ಪರಿಶೀಲನೆ ಮಾಡದೆ ಯಾರನ್ನೂ ತೆಗೆದುಕೊಳ್ಳದ ವೃತ್ತಿಯಿದು, ಒಂದು ಪೊಲೀಸ್ ಕೇಸು ಇಡೀ ಓದನ್ನು ನುಂಗಿಬಿಡಬಹುದು.

ಕೆಲಸ ಎಲ್ಲಿ ಹುಡುಕುವುದು ಎಂಬುದಕ್ಕೆ ಸಿಇಆರ್‌ಟಿ-ಇನ್ ಪ್ರಕಟಿಸುವ ಪಟ್ಟಿ ಒಳ್ಳೆಯ ಆರಂಭ. ಭದ್ರತಾ ಪರಿಶೋಧನೆ ಮಾಡಲು ಆ ಕೇಂದ್ರ ಸಂಸ್ಥೆ ಮಾನ್ಯ ಮಾಡಿದ ಕಂಪೆನಿಗಳ ಹೆಸರು, ವಿಳಾಸ ಅದರಲ್ಲಿವೆ. ಎರಡನೆಯ ವರ್ಷದಿಂದಲೇ ಇಂಟರ್ನ್‌ಶಿಪ್‌ಗೆ ಬರೆದು ನೋಡಬಹುದು. 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಇದೇ ಸಂಸ್ಥೆ ಕಡ್ಡಾಯ ಮಾಡಿತು. ಆ ಬಳಿಕ ಸಣ್ಣ ಕಂಪೆನಿಗಳಿಗೂ ಇಂಥ ಜನ ಬೇಕಾಗಿದ್ದಾರೆ.

ಶಿಕ್ಷಣ ಸಾಲಕ್ಕೆ ಬ್ಯಾಂಕಿಗೆ ಹೋಗುವವರು ಕೇಂದ್ರದ ಖಾತರಿ ಯೋಜನೆಯಡಿ 7.5 ಲಕ್ಷ ರೂಪಾಯಿವರೆಗೆ ಆಸ್ತಿ ಅಡವು ಇಲ್ಲದೆ ಸಾಲ ಕೇಳಬಹುದು ಎಂಬುದನ್ನು ತಿಳಿದು ಹೋಗಲಿ. ತೋಟದ ಪತ್ರ ಮೊದಲೇ ಮೇಜಿನ ಮೇಲಿಡಬೇಕಿಲ್ಲ. ಸಿಇಟಿ ಬರೆಯುವವರು ವಾಸದ ಪ್ರಮಾಣಪತ್ರ, ಶಾಲಾ ವ್ಯಾಸಂಗ ಪತ್ರ, ಮಾತೃಭಾಷೆಯ ದಾಖಲೆಗಳ ನಮೂನೆಯನ್ನು ಆ ವರ್ಷದ ಪ್ರಾಧಿಕಾರದ ಮಾಹಿತಿ ಪುಸ್ತಕದಿಂದ ತೆಗೆದುಕೊಂಡು, ಅರ್ಜಿ ಕರೆಯುವ ಮೊದಲೇ ತಾಲೂಕು ಕಚೇರಿಗೆ ಹೋಗುವುದು ಕ್ಷೇಮ. ಮಲಯಾಳ, ಮರಾಠಿ, ತೆಲುಗು ಅಥವಾ ತಮಿಳಿನಲ್ಲಿ ಸಿಕ್ಕ ಪ್ರಮಾಣಪತ್ರವಾದರೆ ದೃಢೀಕರಿಸಿದ ಇಂಗ್ಲಿಷ್ ಪ್ರತಿಯನ್ನೂ ಆಗಲೇ ಮಾಡಿಸಿಟ್ಟುಕೊಳ್ಳಬೇಕು.