ಗುಟ್ಟಿನ ಪೊಟ್ಟಣ ಮತ್ತು ಪ್ರೊಟೀನಿನ ನಕ್ಷೆ

ಬಿಎಸ್ಸಿ ಕೊನೇ ವರ್ಷದ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆ. ಸಾಲ್ಟ್ ಅನಾಲಿಸಿಸ್. ಕೊಟ್ಟ ಪುಡಿ ಯಾವುದು ಅಂತ ಕಂಡುಹಿಡಿಯಬೇಕು. ಅಟೆಂಡರ್ ಅಣ್ಣನಿಗೆ ಒಂದು ಕಾಫಿ ಕುಡಿಸಿದರೆ ಉತ್ತರ ತಾನಾಗಿಯೇ ಕಿವಿಗೆ ಬೀಳುತ್ತೆ ಅನ್ನೋದು ಆಗ ಎಲ್ಲರಿಗೂ ಗೊತ್ತಿದ್ದ ಗುಟ್ಟು. ನಾನು ಕುಡಿಸಿರಲಿಲ್ಲ (ಜೇಬಲ್ಲಿ ದುಡ್ಡಿರಲಿಲ್ಲ ಅನ್ನೋದೂ ಒಂದು ಕಾರಣ ಅನ್ನಿ). ಆದರೂ ಮುಕ್ಕಾಲು ಗಂಟೆಯಲ್ಲಿ ಉತ್ತರ ಸಿಕ್ಕಿತು: ಬೇರಿಯಂ ಕ್ಲೋರೈಡ್. ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಮುಖ ನೋಡಿ ನಕ್ಕು, "ಯಾರು ಹೇಳಿದರಪ್ಪ?" ಅಂದರು. ಮುಖ ಬಿಸಿಯಾಯಿತು. ಯಾರೂ ಹೇಳಿಲ್ಲ ಅಂತ ಸಾಬೀತು ಮಾಡೋದು ಹೇಗೆ?

ಅವರು ಇನ್ನೇನೂ ಕೇಳಲಿಲ್ಲ. ತಮ್ಮ ಚೀಲದಿಂದ ಬೇರೆ ಪೊಟ್ಟಣ ತೆಗೆದು ಕೊಟ್ಟರು. ಆ ಲ್ಯಾಬಿನಲ್ಲಿ ಅಟೆಂಡರನ್ನೂ ಸೇರಿಸಿ ಯಾರಿಗೂ ಅದರೊಳಗೇನಿದೆ ಅಂತ ಗೊತ್ತಿರಲಿಲ್ಲ. ಜ್ವಾಲೆ ಕಡುಗೆಂಪಾಯಿತು, ಪ್ರನಾಳದಲ್ಲಿ ಕಂದು ಉಂಗುರ ಮೂಡಿತು. ಸ್ಟ್ರಾನ್ಷಿಯಂ ನೈಟ್ರೇಟ್ ಅಂತ ಬರೆದೆ. ಪರೀಕ್ಷಕರು ಮಾತಾಡದೆ ಸಹಿ ಹಾಕಿದರು. ಅವರ ಮೇಲೆ ಬಹಳ ದಿನ ಸಿಟ್ಟಿತ್ತು. ಆಮೇಲೆ ಎನ್‌ಎಂಆರ್ ಚರಿತ್ರೆ ಓದುವಾಗ ಇಂಥದ್ದೇ ಒಂದು ಪೊಟ್ಟಣದ ಕತೆ ಸಿಕ್ಕಿತು. ಆವತ್ತೇ ಆ ಸಿಟ್ಟು ಇಳಿದುಹೋಯಿತು. ಆ ಕತೆಯನ್ನೇ ಇವತ್ತು ಹೇಳಹೊರಟಿದ್ದೇನೆ.

ಪ್ರೊಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಅದು ತನ್ನದೇ ಆದ ರೀತಿಯಲ್ಲಿ ಮಡಚಿಕೊಂಡಾಗಲೇ ಕೆಲಸಕ್ಕೆ ಬರೋದು. ಆದ್ದರಿಂದ ಅದರ ಆಕಾರ ತಿಳಿಯಬೇಕು. 1958ರಲ್ಲಿ ಜಾನ್ ಕೆಂಡ್ರ್ಯೂ ತಂಡ ಮಯೋಗ್ಲೋಬಿನ್ನಿನ ಆಕಾರ ತೋರಿಸಿದ ಮೇಲೆ ಸುಮಾರು ಕಾಲು ಶತಮಾನ ಇದಕ್ಕಿದ್ದದ್ದು ಒಂದೇ ದಾರಿ: ಪ್ರೊಟೀನನ್ನು ಹರಳು ಮಾಡಿ ಎಕ್ಸ್-ರೇ ಹಾಯಿಸೋದು. ಆದರೆ ಎಲ್ಲ ಪ್ರೊಟೀನುಗಳೂ ಹರಳಾಗೋದಿಲ್ಲ. ಜೊತೆಗೆ ನಮ್ಮ ಮೈಯಲ್ಲಿ ಅವು ಇರೋದು ಹರಳಾಗಿ ಅಲ್ಲ, ನೀರಿನಲ್ಲಿ ತೇಲಾಡಿಕೊಂಡು.

ನೀರಿನಲ್ಲಿರುವಾಗಲೇ ಅದನ್ನು ನೋಡೋದು ಹೇಗೆ? ಇಲ್ಲಿ ಎನ್‌ಎಂಆರ್ ಬರುತ್ತದೆ. ಹೈಡ್ರೋಜನ್ ಪರಮಾಣುವಿನ ಬೀಜ ಒಂದು ಪುಟಾಣಿ ಅಯಸ್ಕಾಂತ. ದೊಡ್ಡ ಅಯಸ್ಕಾಂತದೊಳಗಿಟ್ಟು ರೇಡಿಯೋ ಅಲೆ ತಾಗಿಸಿದರೆ ಅದು ತನ್ನದೇ ಒಂದು ಶ್ರುತಿಯಲ್ಲಿ ಮಿಡಿಯುತ್ತದೆ. ಆ ಶ್ರುತಿ ಅಕ್ಕಪಕ್ಕ ಏನಿದೆ ಅನ್ನೋದರ ಮೇಲೆ ಚೂರು ಚೂರು ಬದಲಾಗುತ್ತದೆ. 1946ರ ಸುಮಾರಿಗೆ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಬೇರೆ ಬೇರೆಯಾಗಿ ಇದನ್ನು ತೋರಿಸಿ 1952ರಲ್ಲಿ ನೊಬೆಲ್ ಹಂಚಿಕೊಂಡರು. 1957ರಲ್ಲಿ ರೈಬೋನ್ಯೂಕ್ಲಿಯೇಸ್ ಅನ್ನುವ ಪ್ರೊಟೀನಿನ ಎನ್‌ಎಂಆರ್ ಚಿತ್ರ ತೆಗೆದರು. ಕಂಡದ್ದು ಕೆಲವು ಅಗಲವಾದ ದಿಬ್ಬಗಳು ಮಾತ್ರ. ನೂರಾರು ಹೈಡ್ರೋಜನ್ನುಗಳು ಒಟ್ಟಿಗೆ ಕೂಗಿದರೆ ಇನ್ನೇನಾದೀತು? ಸಂತೆಯ ಗದ್ದಲ!

ಈ ಗದ್ದಲ ಬಿಡಿಸಲು ಬೇಕಾದ ಉಪಾಯ ಬೆಲ್ಜಿಯಂನ ಜೀನ್ ಜೀನರ್‌ಗೆ ಹೊಳೆಯಿತು. ಎಲ್ಲ ಶ್ರುತಿಗಳನ್ನೂ ಒಂದೇ ಗೆರೆಯ ಮೇಲೆ ತುರುಕುವ ಬದಲು ಹಾಳೆಯ ಮೇಲೆ ಉದ್ದಗಲಕ್ಕೆ ಹರಡಿದರೆ ಹೇಗೆ? 1971ರಲ್ಲಿ ಯುಗೋಸ್ಲಾವಿಯಾದ ಒಂದು ಬೇಸಿಗೆ ಶಿಬಿರದಲ್ಲಿ ಅವರಿದನ್ನು ಹೇಳಿದರು. ಜ್ಯೂರಿಕ್‌ನ ರಿಚರ್ಡ್ ಅರ್ನ್ಸ್ಟ್ ಅದನ್ನು ಪಳಗಿಸಿದರು. ಅದೇ ಊರಿನಲ್ಲಿ, ಅದೇ ಇಟಿಎಚ್ ಸಂಸ್ಥೆಯಲ್ಲಿ, ಪ್ರೊಟೀನುಗಳ ಹಿಂದೆ ಬಿದ್ದಿದ್ದವರು ಕುರ್ಟ್ ವ್ಯೂಥ್ರಿಕ್. ಇವರು ಕೆಮಿಸ್ಟ್ರಿ ಜೊತೆಗೆ ಕ್ರೀಡಾಶಿಕ್ಷಕರ ಪದವಿಯನ್ನೂ ಪಡೆದವರು.

ಈಗ ನಮ್ಮೂರಿನ ಸಂಬಂಧ ನೋಡಿ. 1980ರಲ್ಲಿ ಅರ್ನ್ಸ್ಟ್ ಮತ್ತು ವ್ಯೂಥ್ರಿಕ್ ಸೇರಿ ಬರೆದ ಒಂದು ಪುಟ್ಟ ಪ್ರಬಂಧದಲ್ಲಿ ಮೊದಲ ಹೆಸರು ಅವರಿಬ್ಬರದ್ದೂ ಅಲ್ಲ, ಅನಿಲ್ ಕುಮಾರ್ ಅವರದ್ದು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಐಐಎಸ್‌ಸಿಯಲ್ಲಿ, ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಎನ್‌ಎಂಆರ್ ಬೆಳೆಸಿದವರು ಇವರೇ. 1975ರಲ್ಲಿ ಅರ್ನ್ಸ್ಟ್ ಮತ್ತು ವೆಲ್ಟಿ ಜೊತೆ ಇವರು ಬರೆದ ಇನ್ನೊಂದು ಪ್ರಬಂಧ ಇಂದಿನ ಎಂಆರ್‌ಐ ಸ್ಕ್ಯಾನಿನ ಬುನಾದಿಗಳಲ್ಲಿ ಒಂದು.

1980ರ ಪ್ರಬಂಧದಲ್ಲಿ ಇದ್ದದ್ದೇನು? ಒಂದು ಹೈಡ್ರೋಜನ್ನನ್ನು ಕೆಣಕಿದರೆ ಅದರ ನೆರೆಯದಕ್ಕೂ ಸುದ್ದಿ ಮುಟ್ಟುತ್ತದೆ. ಇದಕ್ಕೆ ಓವರ್‌ಹೌಸರ್ ಪರಿಣಾಮ ಅಂತ ಹೆಸರು. ದೂರ ಎರಡು ಪಟ್ಟಾದರೆ ಸುದ್ದಿಯ ಬಲ ಅರವತ್ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಸುಮಾರು 5 ಆಂಗ್‌ಸ್ಟ್ರಾಂ ಆಚೆ ಕೇಳಿಸುವುದೇ ಇಲ್ಲ. ಆ ಪ್ರಯೋಗದಲ್ಲಿ ಇಂಥ ನೆರೆಹೊರೆಯ ಸುದ್ದಿಗಳೆಲ್ಲ ಒಂದೇ ಹಾಳೆಯ ಮೇಲೆ ಚುಕ್ಕೆಗಳಾಗಿ ಮೂಡಿದವು. ಒಂದೊಂದು ಚುಕ್ಕೆಯ ಅರ್ಥ "ಇವರಿಬ್ಬರೂ ಅಕ್ಕಪಕ್ಕದವರು" ಅಂತ.

ಅಷ್ಟರಿಂದ ಪೂರ್ತಿ ಆಕಾರ ಹೇಗೆ ಸಿಗುತ್ತದೆ? ನಿಮ್ಮ ಹತ್ತಿರ ಕರ್ನಾಟಕದ ನಕ್ಷೆ ಇಲ್ಲ ಅಂದುಕೊಳ್ಳಿ. ಬೇಲೂರಿಗೂ ಹಳೇಬೀಡಿಗೂ ಇಷ್ಟು, ಬೇಲೂರಿಗೂ ಹಾಸನಕ್ಕೂ ಇಷ್ಟು ಅಂತ ಹತ್ತಿರದ ಊರುಗಳ ದೂರದ ಪಟ್ಟಿ ಮಾತ್ರ ಇದೆ. ಪಟ್ಟಿ ಸಾಕಷ್ಟು ಉದ್ದವಾಗಿದ್ದರೆ ಕೂತು ನಕ್ಷೆ ಬರೆಯಬಹುದು. ಮಡಚಿಟ್ಟ ಸೀರೆಯಲ್ಲಿ ಸೆರಗೂ ಇನ್ನೊಂದು ತುದಿಯೂ ಒಂದಕ್ಕೊಂದು ತಾಗಿರುವ ಹಾಗೆ, ಸರಪಳಿಯಲ್ಲಿ ಬಲು ದೂರವಿರುವ ಎರಡು ಅಮೈನೋ ಆಮ್ಲಗಳು ಅಕ್ಕಪಕ್ಕದವು ಅಂತ ಗೊತ್ತಾದರಂತೂ ಮಡಿಕೆ ಎಲ್ಲಿದೆ ಅಂತ ತಿಳಿದ ಹಾಗೆ. ಯಾವ ಚುಕ್ಕೆ ಯಾರದ್ದು ಅಂತ ಸಾಲಾಗಿ ಗುರುತಿಸುವ ಕ್ರಮವನ್ನು ವ್ಯೂಥ್ರಿಕ್ ತಂಡ 1982ರಲ್ಲಿ ಪ್ರಕಟಿಸಿತು. ಉಳಿದ ಲೆಕ್ಕ ಕಂಪ್ಯೂಟರಿನದ್ದು.

1984ರಲ್ಲಿ ಮೊದಲ ನಕ್ಷೆ ಸಿದ್ಧವಾಯಿತು. ಅದು ಹೋರಿಯ ವೀರ್ಯದ್ರವದಲ್ಲಿ ಸಿಗುವ, 57 ಅಮೈನೋ ಆಮ್ಲಗಳ ಒಂದು ಸಣ್ಣ ಪ್ರೊಟೀನಿನದು. ವ್ಯೂಥ್ರಿಕ್ ಅದನ್ನು ತೋರಿಸಿದಾಗ ಜನ ನಂಬಲಿಲ್ಲ. ಇದೇ ಕುಲದ ಇನ್ನೊಂದು ಪ್ರೊಟೀನಿನ ಎಕ್ಸ್-ರೇ ರಚನೆ ಆಗಲೇ ಗೊತ್ತಿತ್ತಲ್ಲ, ಅದನ್ನು ನೋಡಿಕೊಂಡೇ ಮಾಡಿರಬೇಕು ಅನ್ನುವ ಮಾತು ಬಂತು. ಅದೇ ಹಳೇ ಪ್ರಶ್ನೆ... ಯಾರು ಹೇಳಿದರಪ್ಪ?

ಹದಿನೈದು ವರ್ಷ ಎನ್‌ಎಂಆರ್ ಯಂತ್ರದ ಮುಂದೆ ಕೂತವರಿಗೆ ಹೇಗಾಗಿರಬೇಡ! ಆದರೆ ಅನುಮಾನ ಪಟ್ಟವರದ್ದು ತಪ್ಪು ಅನ್ನೋ ಹಾಗೂ ಇಲ್ಲ. ಉತ್ತರ ಮೊದಲೇ ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ. ಉದ್ದೇಶಪೂರ್ವಕ ಮೋಸವೇ ಆಗಬೇಕಿಲ್ಲ.

ದಾರಿ ತೋರಿಸಿದವರು ಎಕ್ಸ್-ರೇ ಪಂಥದವರೇ ಆದ ರಾಬರ್ಟ್ ಹ್ಯೂಬರ್. 1984ರ ಮೇ ತಿಂಗಳಲ್ಲಿ ಮ್ಯೂನಿಕ್‌ನಲ್ಲಿ ವ್ಯೂಥ್ರಿಕ್ ಉಪನ್ಯಾಸ ಮುಗಿದ ಮೇಲೆ ಚರ್ಚೆ ನಡೆಯುತ್ತಿತ್ತು. ಆಗ ಹ್ಯೂಬರ್ ಒಂದು ಪ್ರಸ್ತಾಪ ಇಟ್ಟರು: ಯಾರೂ ಬಿಡಿಸದ ಒಂದು ಹೊಸ ಪ್ರೊಟೀನನ್ನು ನೀವು ನಿಮ್ಮ ದಾರಿಯಲ್ಲಿ ಬಿಡಿಸಿ, ನಾವು ನಮ್ಮ ದಾರಿಯಲ್ಲಿ ಬಿಡಿಸುತ್ತೇವೆ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಹೆಕ್ಸ್ಟ್ ಔಷಧ ಕಂಪನಿಯ ವಿಜ್ಞಾನಿಗಳು ಇಬ್ಬರಿಗೂ ಟೆಂಡಾಮಿಸ್ಟಾಟ್ ಎಂಬ ಪ್ರೊಟೀನನ್ನು ಕೊಟ್ಟರು. 74 ಅಮೈನೋ ಆಮ್ಲಗಳ ಈ ಪ್ರೊಟೀನ್, ಪಿಷ್ಟವನ್ನು ಕರಗಿಸುವ ಅಮೈಲೇಸ್ ಕಿಣ್ವವನ್ನು ತಡೆಯುತ್ತದೆ. ಗುಟ್ಟಿನ ಪೊಟ್ಟಣ ಅಂದರೆ ಇದೇ.

1986ರಲ್ಲಿ ಎರಡೂ ರಚನೆಗಳು ಪ್ರಕಟವಾದವು. ಒಂದು ಹರಳಿನಿಂದ ಬಂದದ್ದು, ಇನ್ನೊಂದು ನೀರಿನಿಂದ. ಎರಡೂ ಹೆಚ್ಚುಕಡಿಮೆ ಒಂದೇ! ಅಲ್ಲಿಗೆ ವಾದ ಮುಗಿಯಿತು. ಹ್ಯೂಬರ್‌ಗೆ ಬೇರೆ ಕೆಲಸಕ್ಕಾಗಿ 1988ರಲ್ಲಿ, ಅರ್ನ್ಸ್ಟ್‌ಗೆ 1991ರಲ್ಲಿ, ವ್ಯೂಥ್ರಿಕ್‌ಗೆ 2002ರಲ್ಲಿ ನೊಬೆಲ್ ಬಂತು.

ನಂಬಿಕೆ ಸಿಕ್ಕ ಮೇಲೆ ಎನ್‌ಎಂಆರ್ ಹರಳು ತೋರಿಸಲಾಗದ್ದನ್ನೂ ತೋರಿಸಿತು. 1990ರ ದಶಕದಲ್ಲಿ ಹುಚ್ಚುದನ ರೋಗ ಯುರೋಪನ್ನು ನಡುಗಿಸಿತ್ತಲ್ಲ, ಆಗ ವ್ಯೂಥ್ರಿಕ್ ತಂಡ ಇಲಿಯ ಪ್ರಿಯಾನ್ ಪ್ರೊಟೀನನ್ನು ಬಿಡಿಸಿತು. ಅರ್ಧ ಭಾಗ ಅಚ್ಚುಕಟ್ಟಾಗಿ ಮಡಚಿಕೊಂಡಿತ್ತು, ಇನ್ನರ್ಧ ಬಾಲದಂತೆ ಸಡಿಲವಾಗಿ ಓಲಾಡುತ್ತಿತ್ತು. ಪ್ರೊಟೀನ್ ಕೆತ್ತಿಟ್ಟ ಕಲ್ಲಿನ ಮೂರ್ತಿಯಲ್ಲ, ಅಲುಗಾಡುವ ವಸ್ತು. ಆ ಅಲುಗಾಟವನ್ನು ಅಳೆಯುವುದರಲ್ಲಿ ಎನ್‌ಎಂಆರ್ ಇವತ್ತಿಗೂ ಗಟ್ಟಿ.

ಈಗ ಆಲ್ಫಾಫೋಲ್ಡ್ ಬಂದಿದೆ. ಅಮೈನೋ ಆಮ್ಲಗಳ ಸಾಲು ಕೊಟ್ಟರೆ ಸಾಕು, ಕಂಪ್ಯೂಟರೇ ಆಕಾರ ಊಹಿಸುತ್ತದೆ. 2024ರ ಕೆಮಿಸ್ಟ್ರಿ ನೊಬೆಲ್‌ನಲ್ಲಿ ಅದಕ್ಕೂ ಪಾಲು ಸಿಕ್ಕಿತು. ಆದರೆ ಜನ ಅದನ್ನು ನಂಬಿದ್ದು ಹೇಗೆ ಗೊತ್ತೇ? 1994ರಿಂದ ಎರಡು ವರ್ಷಕ್ಕೊಮ್ಮೆ ಕಾಸ್ಪ್ ಅನ್ನುವ ಸ್ಪರ್ಧೆ ನಡೆಯುತ್ತಿದೆ. ಪ್ರಯೋಗಾಲಯದವರು ತಮ್ಮ ರಚನೆಗಳನ್ನು ಪ್ರಕಟಿಸದೆ ಮುಚ್ಚಿಟ್ಟುಕೊಳ್ಳುತ್ತಾರೆ, ಸ್ಪರ್ಧಿಗಳು ಊಹಿಸುತ್ತಾರೆ, ಆಮೇಲೆ ಎರಡನ್ನೂ ಹೋಲಿಸಿ ನೋಡುತ್ತಾರೆ. 2020ರಲ್ಲಿ ಆಲ್ಫಾಫೋಲ್ಡ್ ಗೆದ್ದದ್ದು ಅಲ್ಲಿ. ಅಂದರೆ ಮತ್ತೆ ಅದೇ ಪೊಟ್ಟಣ!

ನನ್ನ ಪರೀಕ್ಷಕರು ನನ್ನನ್ನು ಅವಮಾನಿಸಿದರು ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅವರು ಬೇಕಿದ್ದರೆ ಸುಮ್ಮನೆ ಅನುಮಾನಪಟ್ಟು ಅಂಕ ಕಡಿಮೆ ಹಾಕಿ ಹೋಗಬಹುದಿತ್ತು. ಹಾಗೆ ಮಾಡದೆ ಇನ್ನೊಂದು ಪೊಟ್ಟಣ ಕೊಟ್ಟರು. ಅನುಮಾನ ಪಡೋರು ಎಲ್ಲೆಲ್ಲೂ ಸಿಗುತ್ತಾರೆ, ಪೊಟ್ಟಣ ಕೊಡೋರು ಕಡಿಮೆ.