ಜಪಾನಿನ ಖಾಲಿ ಮನೆಗಳ ನಿರ್ವಹಣೆ

ವಾಸವಿಲ್ಲದೆ ಪಾಳುಬೀಳುತ್ತಿರುವ ಖಾಸಗಿ ಮನೆಗಳ ವಿಷಯದಲ್ಲಿ ಜಪಾನಿನ ನಗರ, ಪಟ್ಟಣ ಮತ್ತು ಗ್ರಾಮಗಳ ಆಡಳಿತ ಸಂಸ್ಥೆಗಳು ಕೈಗೊಳ್ಳುವ ಕ್ರಮಗಳನ್ನು ಒಟ್ಟಾಗಿ ಖಾಲಿ ಮನೆಗಳ ನಿರ್ವಹಣೆ ಎನ್ನಲಾಗುತ್ತದೆ. ಇಂತಹ ಮನೆಗಳಿಗೆ ಜಪಾನಿ ಭಾಷೆಯಲ್ಲಿ ಅಕಿಯಾ ಎಂಬ ಹೆಸರಿದೆ. 'ಅಕಿ' ಎಂದರೆ ಖಾಲಿ, 'ಯಾ' ಎಂದರೆ ಮನೆ. ೨೦೨೩ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ಸುಮಾರು ೬.೫ ಕೋಟಿ ಮನೆಗಳ ಪೈಕಿ ಸುಮಾರು ೯೦ ಲಕ್ಷ ಮನೆಗಳು, ಅಂದರೆ ಶೇಕಡ ೧೩.೮ರಷ್ಟು, ಖಾಲಿಯಾಗಿದ್ದವು. ೨೦೧೪ರಲ್ಲಿ ಅಂಗೀಕಾರಗೊಂಡ ಖಾಲಿ ಮನೆಗಳ ವಿಶೇಷ ಕ್ರಮಗಳ ಕಾಯಿದೆಯು ಅಪಾಯಕಾರಿ ಮನೆಗಳ ಮಾಲೀಕರಿಗೆ ಆದೇಶ ನೀಡುವ ಮತ್ತು ಕೊನೆಗೆ ಮನೆಯನ್ನೇ ಕೆಡವುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ೨೦೨೩ರಲ್ಲಿ ಈ ಕಾಯಿದೆಗೆ ಮಹತ್ವದ ತಿದ್ದುಪಡಿಯಾಯಿತು.

ಪ್ರಮಾಣ

ಜಪಾನ್ ಸರ್ಕಾರವು ಐದು ವರ್ಷಗಳಿಗೊಮ್ಮೆ ವಸತಿ ಮತ್ತು ಭೂಮಿ ಸಮೀಕ್ಷೆಯನ್ನು ನಡೆಸುತ್ತದೆ. ೧೯೯೮ರಲ್ಲಿ ಸುಮಾರು ೫೭.೬ ಲಕ್ಷವಿದ್ದ ಖಾಲಿ ಮನೆಗಳ ಸಂಖ್ಯೆ ೨೦೦೮ರಲ್ಲಿ ೭೫.೭ ಲಕ್ಷಕ್ಕೆ, ೨೦೧೮ರಲ್ಲಿ ೮೪.೯ ಲಕ್ಷಕ್ಕೆ ಮತ್ತು ೨೦೨೩ರಲ್ಲಿ ೯೦ ಲಕ್ಷಕ್ಕೆ ಏರಿತು.

ಈ ಸಂಖ್ಯೆಯಲ್ಲಿ ಬಾಡಿಗೆದಾರರಿಗಾಗಿ ಕಾಯುತ್ತಿರುವ ಮನೆಗಳು, ಮಾರಾಟಕ್ಕಿರುವ ಮನೆಗಳು ಹಾಗೂ ರಜಾದಿನಗಳಲ್ಲಿ ಮಾತ್ರ ಬಳಸುವ ಎರಡನೆಯ ಮನೆಗಳೂ ಸೇರಿವೆ. ಇವುಗಳನ್ನು ನೋಡಿಕೊಳ್ಳುವವರು ಇರುವುದರಿಂದ ಸಾಮಾನ್ಯವಾಗಿ ತೊಂದರೆ ಉಂಟಾಗುವುದಿಲ್ಲ. ಸ್ಥಳೀಯ ಸಂಸ್ಥೆಗಳ ಚಿಂತೆಗೆ ಕಾರಣವಾಗಿರುವುದು ಈ ಯಾವ ವರ್ಗಕ್ಕೂ ಸೇರದ ಮನೆಗಳು. ೨೦೨೩ರಲ್ಲಿ ಇವುಗಳ ಸಂಖ್ಯೆ ಸುಮಾರು ೩೮.೫ ಲಕ್ಷವಿತ್ತು.

ಟೋಕುಶಿಮಾ, ವಾಕಾಯಾಮಾ ಮತ್ತು ಯಮಾನಾಶಿ ಪ್ರಾಂತ್ಯಗಳಲ್ಲಿ ಪ್ರತಿ ಐದು ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಮನೆ ಖಾಲಿಯಾಗಿದೆ. ಆದರೆ ಇದು ಕೇವಲ ಹಳ್ಳಿಗಾಡಿನ ಸಮಸ್ಯೆಯಲ್ಲ. ಟೋಕಿಯೊ ಮಹಾನಗರದ ಸೆತಗಾಯಾ ವಾರ್ಡೊಂದರಲ್ಲೇ ೨೦೧೮ರ ಸಮೀಕ್ಷೆಯಲ್ಲಿ ಸುಮಾರು ೫೦ ಸಾವಿರ ಖಾಲಿ ಮನೆಗಳು ಕಂಡುಬಂದಿದ್ದವು.

ಕಾರಣಗಳು

ಜನಸಂಖ್ಯೆಯ ಇಳಿಕೆ: ಜಪಾನಿನ ಜನಸಂಖ್ಯೆಯು ೨೦೦೮ರ ಸುಮಾರಿಗೆ ೧೨.೮ ಕೋಟಿಯ ಗರಿಷ್ಠ ಮಟ್ಟ ಮುಟ್ಟಿ, ಅನಂತರ ಇಳಿಯತೊಡಗಿತು. ಯುವಜನರು ಉದ್ಯೋಗಕ್ಕಾಗಿ ದೊಡ್ಡ ನಗರಗಳಿಗೆ ಹೋಗಿ ಅಲ್ಲಿಯೇ ನೆಲೆಸಿದರು. ಊರಿನಲ್ಲಿದ್ದ ವೃದ್ಧ ತಂದೆತಾಯಿಯರು ಮರಣಹೊಂದಿದಾಗ ಅಥವಾ ಆರೈಕೆ ಕೇಂದ್ರಗಳಿಗೆ ಸೇರಿದಾಗ ಮನೆಗಳು ಬರಿದಾದವು. ಇದೇ ಅವಧಿಯಲ್ಲಿ ಹೊಸ ಮನೆಗಳ ನಿರ್ಮಾಣವೂ ದೊಡ್ಡ ಪ್ರಮಾಣದಲ್ಲಿ ಮುಂದುವರಿಯಿತು.

ಹಳೆಯ ಮನೆಗಳ ಕಡಿಮೆ ಬೆಲೆ: ಜಪಾನಿನಲ್ಲಿ ಭೂಮಿ ಮತ್ತು ಅದರ ಮೇಲಿನ ಕಟ್ಟಡವನ್ನು ಎರಡು ಪ್ರತ್ಯೇಕ ಸ್ವತ್ತುಗಳೆಂದು ಪರಿಗಣಿಸಿ ಬೇರೆ ಬೇರೆಯಾಗಿ ನೋಂದಾಯಿಸಲಾಗುತ್ತದೆ. ವಾಸದ ಮರದ ಮನೆಯ ಆಯುಷ್ಯವನ್ನು ಸವಕಳಿಯ ಲೆಕ್ಕಕ್ಕೆ ೨೨ ವರ್ಷಗಳೆಂದು ನಿಗದಿಪಡಿಸಲಾಗಿದೆ. ೧೯೮೧ರಲ್ಲಿ ಭೂಕಂಪ ನಿರೋಧಕ ನಿರ್ಮಾಣದ ಹೊಸ ಮಾನದಂಡಗಳು ಜಾರಿಗೆ ಬಂದವು. ಅದಕ್ಕೂ ಹಿಂದೆ ಕಟ್ಟಿದ ಮನೆಗಳನ್ನು ಕೊಳ್ಳುವವರು ವಿರಳ.

ಭೂತೆರಿಗೆಯ ರಿಯಾಯಿತಿ: ವಾಸದ ಮನೆಯಿರುವ ನಿವೇಶನದ ಮೊದಲ ೨೦೦ ಚದರ ಮೀಟರ್ ಭಾಗಕ್ಕೆ, ಅದರ ಮೌಲ್ಯದ ಆರರಲ್ಲಿ ಒಂದು ಪಾಲಿನ ಮೇಲೆ ಮಾತ್ರ ಸ್ಥಿರಾಸ್ತಿ ತೆರಿಗೆ ವಿಧಿಸಲಾಗುತ್ತದೆ. ವಸತಿ ನಿರ್ಮಾಣವನ್ನು ಉತ್ತೇಜಿಸಲು ೧೯೭೦ರ ದಶಕದಲ್ಲಿ ಆರಂಭವಾದ ಈ ರಿಯಾಯಿತಿಯು ಮನೆಯಲ್ಲಿ ಜನರಿರಬೇಕೆಂದು ಕೇಳಲಿಲ್ಲ. ಮನೆ ನಿಂತಿದ್ದರೆ ಸಾಕಾಗಿತ್ತು. ಉದಾಹರಣೆಗೆ, ೧.೨ ಕೋಟಿ ಯೆನ್ ಮೌಲ್ಯದ ೨೦೦ ಚದರ ಮೀಟರ್ ನಿವೇಶನಕ್ಕೆ, ಶೇಕಡ ೧.೪ರ ಸಾಮಾನ್ಯ ದರದಲ್ಲಿ, ವರ್ಷಕ್ಕೆ ೨೮ ಸಾವಿರ ಯೆನ್ ತೆರಿಗೆ ಬರುತ್ತದೆ. ಮನೆಯನ್ನು ಕೆಡವಿದರೆ ರಿಯಾಯಿತಿ ರದ್ದಾಗುತ್ತದೆ. ಆಗ ನಿವೇಶನದ ಮೌಲ್ಯದ ಶೇಕಡ ೭೦ರವರೆಗೆ ತೆರಿಗೆ ವಿಧಿಸಬಹುದಾದ್ದರಿಂದ ಈ ಮೊತ್ತ ೧,೧೭,೬೦೦ ಯೆನ್‌ವರೆಗೆ, ಅಂದರೆ ನಾಲ್ಕು ಪಟ್ಟಿಗಿಂತ ಅಧಿಕವಾಗಿ, ಏರಬಹುದು. ಕೆಡವುವ ಖರ್ಚನ್ನು ಕೈಯಿಂದ ತೆತ್ತು, ಮೇಲೆ ಹೆಚ್ಚಿನ ತೆರಿಗೆಯನ್ನೂ ಕಟ್ಟುವುದಕ್ಕಿಂತ ಮನೆಯನ್ನು ಇದ್ದಂತೆಯೇ ಬಿಡುವುದು ಮಾಲೀಕರಿಗೆ ಲಾಭಕರವೆನಿಸಿತು.

ರಸ್ತೆಯ ನಿಯಮ: ೧೯೫೦ರ ಕಟ್ಟಡ ಮಾನದಂಡ ಕಾಯಿದೆಯ ಪ್ರಕಾರ, ನಗರ ಯೋಜನಾ ಪ್ರದೇಶದಲ್ಲಿ ಹೊಸದಾಗಿ ಮನೆ ಕಟ್ಟುವ ನಿವೇಶನವು ಸಾಮಾನ್ಯವಾಗಿ ೪ ಮೀಟರ್ ಅಗಲದ ರಸ್ತೆಗೆ ಕನಿಷ್ಠ ೨ ಮೀಟರ್‌ನಷ್ಟು ತಾಗಿಕೊಂಡಿರಬೇಕು. ಹಳೆಯ ಬಡಾವಣೆಗಳ ಇಕ್ಕಟ್ಟಾದ ಓಣಿಗಳಲ್ಲಿ ಈ ನಿಯಮವನ್ನು ಪೂರೈಸದ ನಿವೇಶನಗಳು ಬಹಳ. ಇಂತಹ ಕಡೆ ಮನೆಯನ್ನು ಒಮ್ಮೆ ಕೆಡವಿದರೆ ಮತ್ತೆ ಕಟ್ಟಲು ಅನುಮತಿ ದೊರೆಯುವುದಿಲ್ಲ.

ಉತ್ತರಾಧಿಕಾರ: ವಾರಸುದಾರರು ಸ್ವತ್ತನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಳ್ಳುವುದು ೨೦೨೪ರವರೆಗೆ ಕಡ್ಡಾಯವಾಗಿರಲಿಲ್ಲ. ಹೀಗಾಗಿ ತೀರಿಹೋದ ಅಜ್ಜ ಅಥವಾ ಮುತ್ತಜ್ಜನ ಹೆಸರಿನಲ್ಲೇ ದಾಖಲೆ ಉಳಿದು, ತಲೆಮಾರುಗಳು ಕಳೆದಂತೆ ಒಂದೇ ಮನೆಗೆ ಹತ್ತಾರು ಮಂದಿ ಹಕ್ಕುದಾರರಾದ ಪ್ರಸಂಗಗಳಿವೆ. ಮನೆಯನ್ನು ಮಾರಲು ಅಥವಾ ಕೆಡವಲು ಎಲ್ಲರ ಒಪ್ಪಿಗೆ ಬೇಕಾಗುತ್ತದೆ. ಪೂರ್ವಿಕರ ಪೂಜಾಪೀಠ ಮತ್ತು ಸಾಮಾನುಗಳು ಮನೆಯಲ್ಲಿರುವ ಕಾರಣದಿಂದಲೂ ಅನೇಕ ಕುಟುಂಬಗಳು ನಿರ್ಧಾರವನ್ನು ಮುಂದೂಡುತ್ತವೆ.

ನೆರೆಹೊರೆಯ ಮೇಲಿನ ಪರಿಣಾಮ

ಉಸ್ತುವಾರಿಯಿಲ್ಲದ ಮರದ ಮನೆಯಲ್ಲಿ ಮೊದಲು ಛಾವಣಿ ಸೋರುತ್ತದೆ. ತೇವದಿಂದ ತೊಲೆಗಳು ಕೊಳೆತು, ಗೆದ್ದಲು ಹತ್ತುತ್ತದೆ. ಚಂಡಮಾರುತದ ಗಾಳಿಗೆ ಹೆಂಚುಗಳು ಹಾರಿ ಪಕ್ಕದ ಮನೆಗಳ ಮೇಲೆ ಬೀಳುತ್ತವೆ. ಹಿಮಪ್ರದೇಶಗಳಲ್ಲಿ ಛಾವಣಿಯ ಮೇಲೆ ಶೇಖರವಾದ ಹಿಮವನ್ನು ತೆಗೆಯುವವರಿಲ್ಲದೆ ಮನೆ ಕುಸಿಯುತ್ತದೆ. ಕಿಡಿಗೇಡಿಗಳು ಬೆಂಕಿ ಇಡುವ ಭಯ, ಕಸದ ರಾಶಿ, ಇಲಿ ಮತ್ತು ಕಾಡುಪ್ರಾಣಿಗಳ ಸೇರುವಿಕೆ ಇತರ ತೊಂದರೆಗಳು. ಭೂಕಂಪವಾದಾಗ ಕುಸಿದ ಮನೆಗಳು ಕಿರಿದಾದ ಓಣಿಗಳನ್ನು ಮುಚ್ಚಿ ಪರಿಹಾರ ಕಾರ್ಯಕ್ಕೆ ಅಡ್ಡಿಯಾಗುತ್ತವೆ.

ಸ್ಥಳೀಯ ನಿಯಮಾವಳಿಗಳು

ರಾಷ್ಟ್ರೀಯ ಕಾಯಿದೆ ಬರುವುದಕ್ಕೆ ಮೊದಲೇ ಸ್ಥಳೀಯ ಸಂಸ್ಥೆಗಳು ಈ ವಿಷಯದಲ್ಲಿ ಮುಂದಡಿಯಿಟ್ಟವು. ಸೈತಾಮಾ ಪ್ರಾಂತ್ಯದ ತೊಕೊರೊಜಾವಾ ನಗರವು ೨೦೧೦ರಲ್ಲಿ ಖಾಲಿ ಮನೆಗಳಿಗೆಂದೇ ರೂಪಿಸಿದ ನಿಯಮಾವಳಿಯನ್ನು ಜಾರಿಗೊಳಿಸಿತು. ಹಿಮಪ್ರದೇಶವಾದ ಅಕಿತಾ ಪ್ರಾಂತ್ಯದ ದೈಸೆನ್ ನಗರವು ೨೦೧೨ರಲ್ಲಿ ತನ್ನ ನಿಯಮಾವಳಿಯ ಅಡಿಯಲ್ಲಿ ಅಪಾಯಕಾರಿ ಕಟ್ಟಡಗಳನ್ನು ಸ್ವತಃ ಕೆಡವಿಸಿತು. ೨೦೧೪ರ ವೇಳೆಗೆ ಸುಮಾರು ೪೦೦ ಸ್ಥಳೀಯ ಸಂಸ್ಥೆಗಳಲ್ಲಿ ಇಂತಹ ನಿಯಮಾವಳಿಗಳಿದ್ದವು. ಆದರೆ ಖಾಸಗಿ ಆವರಣದೊಳಗೆ ಪ್ರವೇಶಿಸುವ ಮತ್ತು ತೆರಿಗೆ ದಾಖಲೆಗಳಿಂದ ಮಾಲೀಕರ ವಿಳಾಸ ಪಡೆಯುವ ಸ್ಪಷ್ಟ ಅಧಿಕಾರ ರಾಷ್ಟ್ರೀಯ ಕಾನೂನಿಲ್ಲದೆ ಅವುಗಳಿಗೆ ದೊರೆಯುವಂತಿರಲಿಲ್ಲ.

೨೦೧೪ರ ಕಾಯಿದೆ

ಜಪಾನ್ ಸಂಸತ್ತು ೨೦೧೪ರ ನವೆಂಬರ್‌ನಲ್ಲಿ ಅಂಗೀಕರಿಸಿದ ಈ ಕಾಯಿದೆಯು ೨೦೧೫ರ ಮೇ ತಿಂಗಳಿನಿಂದ ಪೂರ್ಣವಾಗಿ ಜಾರಿಗೆ ಬಂದಿತು. ಸುಮಾರು ಒಂದು ವರ್ಷದಿಂದ ಬಳಕೆಯಾಗದ ಕಟ್ಟಡವನ್ನು ಖಾಲಿ ಎಂದು ಗುರುತಿಸಬಹುದು. ಅವುಗಳಲ್ಲಿ ಕುಸಿಯುವ ಅಪಾಯವಿರುವ, ಆರೋಗ್ಯಕ್ಕೆ ಹಾನಿಕರವಾದ, ಊರಿನ ನೋಟವನ್ನು ತೀವ್ರವಾಗಿ ಕೆಡಿಸುವ ಅಥವಾ ಸುತ್ತಲಿನ ಜನಜೀವನಕ್ಕೆ ಬೇರೆ ರೀತಿಯಲ್ಲಿ ಬಾಧಕವಾದ ಕಟ್ಟಡವನ್ನು 'ನಿರ್ದಿಷ್ಟ ಖಾಲಿ ಮನೆ' ಎಂದು ಘೋಷಿಸಬಹುದು. ಅಲ್ಲಿಂದ ಮುಂದೆ ಕ್ರಮಗಳು ನಾಲ್ಕು ಹಂತಗಳಲ್ಲಿ ಸಾಗುತ್ತವೆ.

೧. ಸಲಹೆ ಮತ್ತು ಮಾರ್ಗದರ್ಶನ: ದುರಸ್ತಿ ಮಾಡುವಂತೆ, ಗಿಡಗಂಟಿ ಕಡಿಯುವಂತೆ ಅಥವಾ ಕಟ್ಟಡ ತೆರವುಗೊಳಿಸುವಂತೆ ಮಾಲೀಕರಿಗೆ ತಿಳಿಸಲಾಗುತ್ತದೆ.

೨. ಶಿಫಾರಸು: ಸಲಹೆಯಿಂದ ಸ್ಥಿತಿ ಸುಧಾರಿಸದಿದ್ದರೆ ಅವಧಿ ಗೊತ್ತುಪಡಿಸಿ ಲಿಖಿತ ಶಿಫಾರಸು ನೀಡಲಾಗುತ್ತದೆ. ಈ ಹಂತದಲ್ಲಿ ನಿವೇಶನದ ತೆರಿಗೆ ರಿಯಾಯಿತಿ ರದ್ದಾಗುತ್ತದೆ. ಅಂದರೆ ಮನೆಯನ್ನು ಕೆಡವದೆ ಉಳಿಸಿಕೊಳ್ಳಲು ಇದ್ದ ಪ್ರಮುಖ ಆರ್ಥಿಕ ಕಾರಣವೇ ಇಲ್ಲವಾಗುತ್ತದೆ.

೩. ಆದೇಶ: ಶಿಫಾರಸನ್ನು ಪಾಲಿಸದವರಿಗೆ ಆದೇಶ ಹೊರಡಿಸುವ ಮುನ್ನ ಪೂರ್ವ ಸೂಚನೆ ಕೊಡಬೇಕು, ಮಾಲೀಕರು ಬಹಿರಂಗ ವಿಚಾರಣೆಯನ್ನು ಕೋರಬಹುದು. ಆದೇಶದ ಫಲಕವನ್ನು ಸ್ಥಳದಲ್ಲಿ ನಿಲ್ಲಿಸಲಾಗುತ್ತದೆ. ಉಲ್ಲಂಘಿಸಿದವರಿಗೆ ೫ ಲಕ್ಷ ಯೆನ್‌ವರೆಗೆ ದಂಡವಿದೆ.

೪. ಬದಲಿ ಕಾರ್ಯಾಚರಣೆ: ಆದೇಶವೂ ಫಲಿಸದಿದ್ದರೆ ಸ್ಥಳೀಯ ಸಂಸ್ಥೆಯು ಮಾಲೀಕರ ಬದಲಿಗೆ ತಾನೇ ಕಟ್ಟಡವನ್ನು ಕೆಡವಿಸಿ, ಖರ್ಚನ್ನು ಅವರಿಂದ ವಸೂಲು ಮಾಡುತ್ತದೆ.

ಮಾಲೀಕರು ಯಾರೆಂದೇ ತಿಳಿಯದಿದ್ದಾಗ ಸಾರ್ವಜನಿಕ ಪ್ರಕಟಣೆ ನೀಡಿ ಸಂಕ್ಷಿಪ್ತ ವಿಧಾನದಲ್ಲಿ ತೆರವು ಮಾಡಲು ಅವಕಾಶವಿದೆ. ಕಾನಗಾವಾ ಪ್ರಾಂತ್ಯದ ಯೊಕೊಸುಕಾ ನಗರವು ೨೦೧೫ರ ಅಕ್ಟೋಬರ್‌ನಲ್ಲಿ ಈ ವಿಧಾನದಿಂದ ಒಂದು ಮನೆಯನ್ನು ಕೆಡವಿಸಿತು. ಇಂತಹ ಸಂದರ್ಭಗಳಲ್ಲಿ ವೆಚ್ಚವು ಬಹುಮಟ್ಟಿಗೆ ಸಾರ್ವಜನಿಕ ಬೊಕ್ಕಸದ ಮೇಲೆಯೇ ಬೀಳುತ್ತದೆ.

೨೦೨೩ರ ತಿದ್ದುಪಡಿ

ಮನೆಯೊಂದು ಕುಸಿಯುವ ಸ್ಥಿತಿಗೆ ಬಂದ ಮೇಲೆ ಅದನ್ನು ಕೆಡವುವುದೊಂದೇ ದಾರಿ. ಅದಕ್ಕೂ ಮುಂಚೆಯೇ ಕ್ರಮ ಕೈಗೊಳ್ಳಬೇಕೆಂಬ ಉದ್ದೇಶದಿಂದ ಕಾಯಿದೆಯನ್ನು ತಿದ್ದಲಾಯಿತು. ೨೦೨೩ರ ಡಿಸೆಂಬರ್ ೧೩ರಿಂದ ಜಾರಿಯಲ್ಲಿರುವ ತಿದ್ದುಪಡಿಯು 'ಸರಿಯಾದ ನಿರ್ವಹಣೆಯಿಲ್ಲದ ಖಾಲಿ ಮನೆ' ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ಹಾಗೆಯೇ ಬಿಟ್ಟರೆ ಅಪಾಯಕಾರಿಯಾಗಬಹುದಾದ ಮನೆಗಳು ಇದರಲ್ಲಿ ಸೇರುತ್ತವೆ. ಇವುಗಳ ಮಾಲೀಕರಿಗೆ ಶಿಫಾರಸು ನೀಡಿದಾಗಲೂ ತೆರಿಗೆ ರಿಯಾಯಿತಿ ತಪ್ಪುತ್ತದೆ. ತುರ್ತು ಅಪಾಯವಿದ್ದಾಗ ಆದೇಶದ ಹಂತವನ್ನು ಬಿಟ್ಟು ನೇರವಾಗಿ ಕಾರ್ಯಾಚರಣೆ ನಡೆಸಲು, ನ್ಯಾಯಾಲಯದ ಮೂಲಕ ಆಸ್ತಿ ನಿರ್ವಾಹಕರನ್ನು ನೇಮಿಸುವಂತೆ ಕೋರಲು, ಹಾಗೂ ಆಯ್ದ ಪ್ರದೇಶಗಳಲ್ಲಿ ರಸ್ತೆಯ ನಿಯಮವನ್ನು ಸಡಿಲಿಸಿ ಮರುನಿರ್ಮಾಣಕ್ಕೆ ಅನುವು ಮಾಡಿಕೊಡಲು ಅವಕಾಶ ಕಲ್ಪಿಸಲಾಯಿತು.

ಪೂರಕ ಕಾನೂನುಗಳು

೨೦೨೪ರ ಏಪ್ರಿಲ್ ೧ರಿಂದ, ಸ್ಥಿರಾಸ್ತಿಯು ಉತ್ತರಾಧಿಕಾರದಿಂದ ಬಂದುದನ್ನು ತಿಳಿದ ಮೂರು ವರ್ಷಗಳೊಳಗೆ ಅದನ್ನು ನೋಂದಾಯಿಸುವುದು ಕಡ್ಡಾಯವಾಗಿದೆ. ಸಕಾರಣವಿಲ್ಲದೆ ತಪ್ಪಿದವರಿಗೆ ೧ ಲಕ್ಷ ಯೆನ್‌ವರೆಗೆ ದಂಡ ವಿಧಿಸಬಹುದು. ಬೇಡವಾದ ಪಿತ್ರಾರ್ಜಿತ ಭೂಮಿಯನ್ನು ಸರ್ಕಾರಕ್ಕೆ ಒಪ್ಪಿಸುವ ವ್ಯವಸ್ಥೆಯು ೨೦೨೩ರ ಏಪ್ರಿಲ್ ೨೭ರಂದು ಆರಂಭವಾಯಿತು. ಆದರೆ ಅದರ ಮೇಲೆ ಕಟ್ಟಡವಿರಬಾರದು, ಮತ್ತು ನಿಗದಿತ ಮೊತ್ತವನ್ನು ಪಾವತಿಸಬೇಕು. ೧೯೮೧ರ ಮೇ ತಿಂಗಳ ಅಂತ್ಯದೊಳಗೆ ಕಟ್ಟಿದ ಖಾಲಿ ಮನೆಯನ್ನು ಬಲಪಡಿಸಿ ಅಥವಾ ಕೆಡವಿ ಮಾರುವ ವಾರಸುದಾರರಿಗೆ, ಷರತ್ತುಗಳಿಗೆ ಒಳಪಟ್ಟು, ಮಾರಾಟದ ಲಾಭದಲ್ಲಿ ೩ ಕೋಟಿ ಯೆನ್‌ವರೆಗೆ ತೆರಿಗೆ ವಿನಾಯಿತಿ ದೊರೆಯುತ್ತದೆ.

ಮರುಬಳಕೆ

ಅನೇಕ ಸ್ಥಳೀಯ ಸಂಸ್ಥೆಗಳು 'ಅಕಿಯಾ ಬ್ಯಾಂಕ್' ಎಂಬ ಹೆಸರಿನಲ್ಲಿ ತಮ್ಮ ವ್ಯಾಪ್ತಿಯ ಖಾಲಿ ಮನೆಗಳ ವಿವರಗಳನ್ನು ಪ್ರಕಟಿಸಿ, ಕೊಳ್ಳುವವರನ್ನೂ ಬಾಡಿಗೆದಾರರನ್ನೂ ಮಾಲೀಕರೊಂದಿಗೆ ಸೇರಿಸುತ್ತವೆ. ಕೆಲವು ಕಡೆ ದುರಸ್ತಿಗೆ ಸಹಾಯಧನವೂ ಉಂಟು. ಹಿರೊಶಿಮಾ ಪ್ರಾಂತ್ಯದ ಒನೊಮಿಚಿ ನಗರದಲ್ಲಿ, ವಾಹನಗಳು ತಲುಪಲಾರದ ಗುಡ್ಡದ ಇಳಿಜಾರಿನ ಹಳೆಯ ಮನೆಗಳನ್ನು ಸೇವಾಸಂಸ್ಥೆಯೊಂದು ನಗರಾಡಳಿತದ ಸಹಯೋಗದಲ್ಲಿ ಹೊಸ ನಿವಾಸಿಗಳಿಗೆ ಒದಗಿಸುತ್ತಿದೆ. ಟೋಕುಶಿಮಾ ಪ್ರಾಂತ್ಯದ ಕಾಮಿಯಾಮಾ ಪಟ್ಟಣದಲ್ಲಿ ೨೦೧೦ರಿಂದೀಚೆಗೆ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳು ಹಳೆಯ ಮನೆಗಳಲ್ಲಿ ಶಾಖಾ ಕಚೇರಿಗಳನ್ನು ತೆರೆದವು. ಯಾಮಾಗಾತಾ ಪ್ರಾಂತ್ಯದ ತ್ಸುರುವೊಕಾ ನಗರದ ಭೂ ಬ್ಯಾಂಕ್ ಖಾಲಿ ಮನೆ ಮತ್ತು ನಿವೇಶನಗಳನ್ನು ನೆರೆಯ ಜಾಗಗಳೊಂದಿಗೆ ಹೊಂದಿಸಿ, ಅದೇ ಸಂದರ್ಭದಲ್ಲಿ ಓಣಿಗಳನ್ನು ಅಗಲಗೊಳಿಸುತ್ತದೆ.

ಅಮೆರಿಕದೊಂದಿಗೆ ಹೋಲಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಡೆಟ್ರಾಯಿಟ್ ನಗರದ ಜನಸಂಖ್ಯೆ ೧೯೫೦ರಲ್ಲಿ ಸುಮಾರು ೧೮.೫ ಲಕ್ಷವಿದ್ದುದು ೨೦೨೦ರಲ್ಲಿ ೬.೩೯ ಲಕ್ಷಕ್ಕೆ ಇಳಿಯಿತು. ಅಲ್ಲಿ ತೆರಿಗೆ ಬಾಕಿ ಉಳಿದ ಸ್ವತ್ತು ಮುಟ್ಟುಗೋಲಾಗುತ್ತದೆ. ಹಾಗೆ ಬಂದ ಸ್ವತ್ತುಗಳನ್ನು ಭೂ ಬ್ಯಾಂಕ್ ಎಂಬ ಸಾರ್ವಜನಿಕ ಸಂಸ್ಥೆಯು ಪಡೆದು, ಮನೆಗಳನ್ನು ಮಾರುತ್ತದೆ ಇಲ್ಲವೇ ಕೆಡವುತ್ತದೆ. ಬರಿದಾದ ನಿವೇಶನಗಳನ್ನು ಅಲ್ಪ ಬೆಲೆಗೆ ಪಕ್ಕದ ಮನೆಯವರಿಗೆ ಕೊಡುತ್ತದೆ. ಜಪಾನಿನ ಖಾಲಿ ಮನೆಗಳ ಮಾಲೀಕರಲ್ಲಿ ಅನೇಕರು ರಿಯಾಯಿತಿ ದರದ ತೆರಿಗೆಯನ್ನು ತಪ್ಪದೆ ಕಟ್ಟುವುದರಿಂದ ಮುಟ್ಟುಗೋಲಿನ ಪ್ರಶ್ನೆಯೇ ಏಳುವುದಿಲ್ಲ. ಆದ್ದರಿಂದ ಅಲ್ಲಿನ ಆಡಳಿತಗಳು ಸ್ವತ್ತನ್ನು ವಶಪಡಿಸಿಕೊಳ್ಳುವುದಕ್ಕಿಂತ ಮಾಲೀಕರ ಮನವೊಲಿಸುವುದಕ್ಕೆ ಹೆಚ್ಚು ಒತ್ತು ನೀಡಬೇಕಾಗಿದೆ.

ಮಿತಿಗಳು

ಬದಲಿ ಕಾರ್ಯಾಚರಣೆಯು ಕಾನೂನಿನಲ್ಲಿ ಸಾಧ್ಯವಿದ್ದರೂ ಸಣ್ಣ ಪಟ್ಟಣಗಳಿಗೆ ಅದು ಹೊರೆಯಾಗಿದೆ. ಹಕ್ಕುದಾರರನ್ನು ಹುಡುಕಲು ಕುಟುಂಬ ದಾಖಲೆಗಳನ್ನು ತಲೆಮಾರುಗಳ ಹಿಂದಿನವರೆಗೆ ಪರಿಶೀಲಿಸಬೇಕು. ಅದಕ್ಕೆ ಬೇಕಾದ ಸಿಬ್ಬಂದಿ ಇರುವುದಿಲ್ಲ. ಮಾಲೀಕರ ಖರ್ಚಿನಲ್ಲಿ ಆಗಬೇಕಾದ ಕೆಲಸವನ್ನು ಸಾರ್ವಜನಿಕ ಹಣದಿಂದ ಮಾಡಿದರೆ, ತಮ್ಮ ಮನೆಯನ್ನು ಸ್ವಂತ ಹಣದಿಂದ ಕೆಡವಿದವರಿಗೆ ಅನ್ಯಾಯವಾಗುತ್ತದೆ ಎಂಬ ಆಕ್ಷೇಪವಿದೆ. ಮತ್ತೊಂದೆಡೆ, ಮಾಲೀಕರ ಪೈಕಿ ಹಲವರು ವೃದ್ಧರು ಮತ್ತು ಅಲ್ಪ ಆದಾಯದವರು. ದಂಡ ಹಾಗೂ ಹೆಚ್ಚುವರಿ ತೆರಿಗೆಯಿಂದ ಅವರ ಕೈಯಲ್ಲಿ ಕೆಡವುವ ಹಣ ಉಳಿಯುವುದಿಲ್ಲ. ವಾರಸುದಾರರೆಲ್ಲರೂ ಕಾನೂನಿನಂತೆ ಮೂರು ತಿಂಗಳೊಳಗೆ ಉತ್ತರಾಧಿಕಾರವನ್ನು ನಿರಾಕರಿಸಿದರೆ ಮನೆಗೆ ಹೊಣೆಗಾರರೇ ಇಲ್ಲವಾಗುತ್ತಾರೆ. ಕೆಡವಿದ ನಂತರ ಉಳಿಯುವ ನಿವೇಶನಕ್ಕೆ ಜನ ಕಡಿಮೆಯಾಗುತ್ತಿರುವ ಊರಿನಲ್ಲಿ ಬೇಡಿಕೆಯಿರುವುದಿಲ್ಲ. ಖಾಸಗಿ ಸ್ವತ್ತಿನ ಹಕ್ಕು ಎಲ್ಲಿ ಮುಗಿದು ನೆರೆಯವರ ಸುರಕ್ಷತೆಯ ಹಕ್ಕು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಪ್ರತಿಯೊಂದು ಪ್ರಕರಣದಲ್ಲೂ ಆಯಾ ಊರಿನ ಆಡಳಿತವೇ ನಿರ್ಣಯಿಸಬೇಕಾಗುತ್ತದೆ.