ವಕೀಲ–ಕೈದಿ ಭೇಟಿ: ಕ್ಯಾಲಿಫೋರ್ನಿಯಾದ ಸೆರೆಮನೆಗಳಲ್ಲಿ ಹಕ್ಕು ಮತ್ತು ದೂರ

ಅಮೆರಿಕದಲ್ಲಿ ಬಡ ಆರೋಪಿಗೂ ಸರ್ಕಾರವೇ ವಕೀಲರನ್ನು ಒದಗಿಸಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1963ರ ಗಿಡಿಯನ್ ಪ್ರಕರಣದಲ್ಲಿ ಹೇಳಿತು. ಅದೇ ವರ್ಷ ಮೊದಲ ಮೇಲ್ಮನವಿಗೂ ಈ ನೆರವು ವಿಸ್ತರಿಸಿತು. ನಂತರದ ಹಂತಕ್ಕೆ ಸಂವಿಧಾನದ ಆಸರೆ ಇಲ್ಲ. ಶಿಕ್ಷೆ ಖಾಯಂ ಆದ ಮೇಲೆ ಹೂಡುವ ಅರ್ಜಿಗಳಿಗೆ ವಕೀಲರನ್ನು ಕೇಳುವ ಹಕ್ಕು ಕೈದಿಗಿಲ್ಲ ಎಂದು 1987ರ ಫಿನ್ಲೆ ತೀರ್ಪು ಸ್ಪಷ್ಟಪಡಿಸಿತು. ಹೀಗಾಗಿ ವರ್ಷಗಟ್ಟಲೆ ಶಿಕ್ಷೆ ಅನುಭವಿಸುವವರ ಬಳಿಗೆ ಬರುವ ವಕೀಲರಲ್ಲಿ ಬಹಳ ಮಂದಿ ಶುಲ್ಕವಿಲ್ಲದೆ ದುಡಿಯುವವರು, ಅಲ್ಪ ಸಂಭಾವನೆಯವರು, ಇಲ್ಲವೇ ಕಾನೂನು ಕಾಲೇಜುಗಳ ನೆರವು ಕೇಂದ್ರದವರು. ಇವರ ಒಂದು ದಿನಕ್ಕೆ ಬೆಲೆಯಿದೆ. ಕೈದಿ ಮತ್ತು ವಕೀಲರ ಭೇಟಿಯ ಹಕ್ಕನ್ನು ಅಳೆಯುವಾಗ ಆ ದಿನದ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ನ್ಯಾಯಾಲಯಗಳು ಒಮ್ಮೆ ತೆಗೆದುಕೊಂಡಿದ್ದವು, ಆಮೇಲೆ ಕೈಬಿಟ್ಟವು ಎಂಬುದು ಈ ಲೇಖನದ ವಾದ.

ಮೊದಲು ಭೂಗೋಳ. 1984ರ ನಂತರದ ಎರಡು ದಶಕಗಳಲ್ಲಿ ಕ್ಯಾಲಿಫೋರ್ನಿಯಾ ಇಪ್ಪತ್ತಕ್ಕೂ ಹೆಚ್ಚು ದೊಡ್ಡ ಸೆರೆಮನೆಗಳನ್ನು ಕಟ್ಟಿತು. ಭೂಗೋಳಶಾಸ್ತ್ರಜ್ಞೆ ರೂತ್ ವಿಲ್ಸನ್ ಗಿಲ್ಮೋರ್ 2007ರ ‘ಗೋಲ್ಡನ್ ಗುಲಾಗ್’ ಕೃತಿಯಲ್ಲಿ ತೋರಿಸಿರುವಂತೆ, ಇವು ಎದ್ದದ್ದು ಹೆಚ್ಚಾಗಿ ಬೇಸಾಯ ಸೊರಗಿದ, ಕೆಲಸವಿಲ್ಲದ ಗ್ರಾಮೀಣ ಸೀಮೆಗಳಲ್ಲಿ. ಕೈದಿಗಳಲ್ಲಿ ದೊಡ್ಡ ಪಾಲು ಲಾಸ್ ಏಂಜಲೀಸ್ ಕಡೆಯವರು. ವಕೀಲರ ಕಚೇರಿಗಳೂ ನಗರಗಳಲ್ಲೇ ಇವೆ. 1989ರಲ್ಲಿ ತೆರೆದ ಪೆಲಿಕನ್ ಬೇ ಸೆರೆಮನೆ ಇರುವುದು ಆರೆಗಾನ್ ಗಡಿಯ ಹತ್ತಿರದ ಕ್ರೆಸೆಂಟ್ ಸಿಟಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ರಸ್ತೆಯಲ್ಲಿ ಸುಮಾರು 570 ಕಿಲೋಮೀಟರ್, ಲಾಸ್ ಏಂಜಲೀಸ್‌ನಿಂದ ಅದರ ಎರಡರಷ್ಟು. ಅಲ್ಲಿನ ಕಿಟಕಿಯಿಲ್ಲದ ಒಂಟಿಕೋಣೆಗಳಲ್ಲಿ ದಶಕಗಟ್ಟಲೆ ಇದ್ದ ಕೈದಿಗಳು 2009ರಲ್ಲಿ ಹೂಡಿದ ದಾವೆ ‘ಆಶ್ಕರ್’ ಪ್ರಕರಣವೆಂದು ಹೆಸರಾಗಿ 2015ರಲ್ಲಿ ರಾಜಿಯಲ್ಲಿ ಮುಗಿಯಿತು. ಆ ದಾವೆಯನ್ನು ಮೊದಲು ಬರೆದವರು ಕೈದಿಗಳೇ, ತಮ್ಮ ಕೈಯಾರೆ. ವಕೀಲರ ತಂಡ ಸೇರಿಕೊಂಡದ್ದು ಆಮೇಲೆ.

ಭೇಟಿ ಗೊತ್ತುಮಾಡುವ ಕ್ರಮವನ್ನು ರಾಜ್ಯದ ನಿಯಮಾವಳಿಯ 15ನೆಯ ಶೀರ್ಷಿಕೆ, 3178ನೆಯ ಕಲಮು ವಿವರಿಸುತ್ತದೆ. ವಕೀಲರು ತಮ್ಮ ಹೆಸರು, ಹುಟ್ಟಿದ ದಿನಾಂಕ, ಗುರುತಿನ ಚೀಟಿಯ ಸಂಖ್ಯೆ, ವಕೀಲರ ಸಂಘದ ಸದಸ್ಯತ್ವದ ಪುರಾವೆ ಕೊಡಬೇಕು; ಹಿಂದೆ ಶಿಕ್ಷೆಯಾಗಿದ್ದರೆ ಅದನ್ನೂ ತಿಳಿಸಬೇಕು. ಇಲಾಖೆ ಪೂರ್ವಾಪರ ಪರಿಶೀಲಿಸಿದ ಮೇಲೆ ಆಯಾ ಸೆರೆಮನೆಯವರ ಹತ್ತಿರ ದಿನ ಗೊತ್ತುಮಾಡಿಕೊಳ್ಳಬೇಕು. ಬಂಧುಗಳ ಭೇಟಿಯ ಲೆಕ್ಕಕ್ಕೆ ಇದು ಸೇರುವುದಿಲ್ಲ. ಕಾಗದಪತ್ರಗಳಲ್ಲಿ ನಿಷಿದ್ಧ ವಸ್ತು ಇದೆಯೇ ಎಂದು ಸಿಬ್ಬಂದಿ ತಡಕಬಹುದು, ಓದುವಂತಿಲ್ಲ. ಮಾತು ಕದ್ದು ಕೇಳುವುದು ರಾಜ್ಯದ ದಂಡಸಂಹಿತೆಯ 636ನೆಯ ಕಲಮಿನ ಪ್ರಕಾರ ಗಂಭೀರ ಅಪರಾಧ. ಉಡುಪಿನ ಮೇಲೂ ಕಟ್ಟಳೆ ಉಂಟು: ನೀಲಿ ಡೆನಿಮ್ ಕೈದಿಗಳದ್ದು, ಕಡುಹಸಿರು ಪ್ಯಾಂಟು ಕಾವಲುಗಾರರದ್ದು, ಆದ್ದರಿಂದ ಹೊರಗಿನವರು ಅವನ್ನು ತೊಡುವಂತಿಲ್ಲ.

ಇಷ್ಟೂ ನ್ಯಾಯವಾಗಿಯೇ ಇದೆ. ಕಷ್ಟ ಬರುವುದು ನಿಯಮದಲ್ಲಿ ಕಾಣದ ಕಡೆಗಳಲ್ಲಿ. ತಲೆ ಎಣಿಕೆ ಮುಗಿಯುವವರೆಗೆ ಯಾರೂ ಕದಲುವಂತಿಲ್ಲ. ಗಲಭೆಯಾಗಿ ಬೀಗಮುದ್ರೆ ಬಿದ್ದರೆ ಆ ದಿನದ ಭೇಟಿ ಹೋಯಿತು. ಕೈದಿಯನ್ನು ಕರೆತರಲು ಬೆಂಗಾವಲು ಸಿಕ್ಕಬೇಕು. ಕೈದಿಯನ್ನೇ ಬೇರೆ ಊರಿಗೆ ವರ್ಗ ಮಾಡಿದ್ದರೆ ಮತ್ತೆ ಮೊದಲಿನಿಂದ. ಏಳು ತಾಸು ಗಾಡಿ ಓಡಿಸಿ ಬಂದ ವಕೀಲೆಗೆ ಒಂದು ತಾಸಿನ ಮಾತೂ ಸಿಗದೆ ಹೋದರೆ, ಯಾವ ನಿಯಮವೂ ಮುರಿದಿರುವುದಿಲ್ಲ. ಕೈದಿಯ ಹಕ್ಕು ಮಾತ್ರ ಆ ದಿನ ಇಲ್ಲವಾಗಿರುತ್ತದೆ.

ಭದ್ರತೆಯ ಭಯಕ್ಕೆ ಒಂದು ನಿರ್ದಿಷ್ಟ ಇತಿಹಾಸವಿದೆ. 1971ರ ಆಗಸ್ಟ್ 21ರಂದು ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ ಲೇಖಕ-ಕೈದಿ ಜಾರ್ಜ್ ಜಾಕ್ಸನ್ ಸೇರಿ ಮೂವರು ಕೈದಿಗಳು, ಮೂವರು ಕಾವಲುಗಾರರು ಸತ್ತರು. ಅದಕ್ಕೆ ಸ್ವಲ್ಪ ಮುಂಚೆ ಜಾಕ್ಸನ್‌ರನ್ನು ಕಂಡಿದ್ದ ವಕೀಲ ಸ್ಟೀಫನ್ ಬಿಂಗ್‌ಹ್ಯಾಮ್ ಟೇಪ್ ರೆಕಾರ್ಡರಿನೊಳಗೆ ಪಿಸ್ತೂಲು ಸಾಗಿಸಿದರೆಂದು ಸರ್ಕಾರ ಆರೋಪಿಸಿತು. ಅವರು ತಲೆಮರೆಸಿಕೊಂಡರು, 1984ರಲ್ಲಿ ಮರಳಿ ಶರಣಾದರು. 1986ರಲ್ಲಿ ಜ್ಯೂರಿ ಅವರನ್ನು ನಿರ್ದೋಷಿ ಎಂದಿತು. ಆದರೆ ಆ ಹದಿನೈದು ವರ್ಷ ವಕೀಲರ ಕೈಚೀಲ ಅನುಮಾನದ ವಸ್ತುವಾಗಿಯೇ ಉಳಿದಿತ್ತು.

ಈ ಅನುಮಾನ ಹಸಿಯಾಗಿದ್ದಾಗಲೇ, 1974ರ ಏಪ್ರಿಲ್ 29ರಂದು, ಪ್ರೊಕ್ಯೂನಿಯರ್ ವಿರುದ್ಧ ಮಾರ್ಟಿನೆಝ್ ತೀರ್ಪು ಬಂತು. ಕೈದಿಗಳ ಪತ್ರಗಳ ಸೆನ್ಸಾರ್ ಕುರಿತ ಭಾಗಕ್ಕಾಗಿ ಅದು ಪ್ರಸಿದ್ಧ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದರ ಕೊನೆಯ ಭಾಗ. ವಕೀಲರ ಪರವಾಗಿ ಕೈದಿಯನ್ನು ಕಾಣಲು ಕಾನೂನು ವಿದ್ಯಾರ್ಥಿಗಳಾಗಲಿ ಸಹಾಯಕರಾಗಲಿ ಹೋಗಕೂಡದು, ವಕೀಲರು ಅಥವಾ ಪರವಾನಗಿ ಪಡೆದ ತನಿಖೆಗಾರರಷ್ಟೇ ಹೋಗಬೇಕು ಎಂಬುದು ಕ್ಯಾಲಿಫೋರ್ನಿಯಾದ ನಿಯಮವಾಗಿತ್ತು. ನ್ಯಾಯಮೂರ್ತಿ ಪೊವೆಲ್ ಬರೆದ ತೀರ್ಪು ಇದನ್ನು ರದ್ದುಮಾಡಿತು. ಅದರ ತರ್ಕ ಗಮನಾರ್ಹ. ಪ್ರಯಾಣದ ಸಮಯಕ್ಕೆ ಹಣ ಕೊಡಲಾರದ ಕೈದಿಯ ವಕಾಲತ್ತು ವಹಿಸಲು ವಕೀಲರು ಹಿಂಜರಿಯುತ್ತಾರೆ, ಒಪ್ಪಿದವರಿಗೂ ಪ್ರಕರಣಕ್ಕೆ ಸಲ್ಲಬೇಕಾದ ಹೊತ್ತು ಪೋಲಾಗುತ್ತದೆ, ಆದ್ದರಿಂದ ಈ ನಿಯಮ ನ್ಯಾಯಾಲಯದ ಬಾಗಿಲನ್ನೇ ಮುಚ್ಚುತ್ತದೆ ಎಂದು ಅದು ಕಂಡುಕೊಂಡಿತು. ರಸ್ತೆಯ ದೂರ ಮತ್ತು ವಕೀಲರ ಸಮಯ ಇಲ್ಲಿ ಸಂವಿಧಾನದ ವಿಚಾರಗಳಾದವು. ಇಂದು ವಕೀಲರ ಅಧಿಕಾರಪತ್ರ ಹಿಡಿದು ವಿದ್ಯಾರ್ಥಿಯೊಬ್ಬಳು ಭೇಟಿ ಕೊಠಡಿಯಲ್ಲಿ ಕೂರಬಲ್ಲಳಾದರೆ ಅದು ಈ ತೀರ್ಪಿನ ಫಲ.

ಆ ದಾರಿ ಮುಂದುವರಿಯಲಿಲ್ಲ. ಅರಿಜೋನಾದ ಸೆರೆಮನೆಗಳ ಕುರಿತ 1996ರ ಲೂಯಿಸ್ ವಿರುದ್ಧ ಕೇಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೌಲಭ್ಯದ ಕೊರತೆಯಿಂದ ತನ್ನ ಒಂದು ನಿರ್ದಿಷ್ಟ ಮೊಕದ್ದಮೆಗೆ ನಿಜವಾದ ಹಾನಿಯಾಯಿತೆಂದು ಕೈದಿ ತೋರಿಸಬೇಕೆಂದಿತು. ಭೇಟಿಯೇ ಆಗದ ಕೈದಿಗೆ ತನ್ನ ಪ್ರಕರಣದಲ್ಲಿ ಏನು ಕಳೆದುಹೋಯಿತೆಂದು ಹೇಳುವವರು ಯಾರು? ಅದೇ ವರ್ಷ ಕಾಂಗ್ರೆಸ್ಸು ಕೇಂದ್ರ ನ್ಯಾಯಾಲಯಗಳಿಗೆ ಸಲ್ಲಿಸುವ ಹೇಬಿಯಸ್ ಅರ್ಜಿಗೆ ಒಂದು ವರ್ಷದ ಕಾಲಮಿತಿ ಹಾಕಿತು. ರದ್ದಾದ ಒಂದೊಂದು ಭೇಟಿಯೂ ಆ ಮುನ್ನೂರ ಅರವತ್ತೈದು ದಿನಗಳಿಂದಲೇ ಕಳೆಯುತ್ತದೆ. ಈ ಎರಡನ್ನೂ ಒಟ್ಟಿಗೆ ಓದಿದಾಗ ಸಿಟ್ಟು ಬರುವುದು ಸಹಜ ಎಂದೇ ನಾನು ಭಾವಿಸುತ್ತೇನೆ.

ಫೋನಿದೆಯಲ್ಲ ಎನ್ನುವವರಿದ್ದಾರೆ. 2023ರ ಜನವರಿಯಿಂದ ಕ್ಯಾಲಿಫೋರ್ನಿಯಾದ ರಾಜ್ಯ ಸೆರೆಮನೆಗಳಲ್ಲಿ ಕರೆಗಳು ಉಚಿತ. ಅದು ದೊಡ್ಡ ಹೆಜ್ಜೆ. ಆದರೆ ಸಾಮಾನ್ಯ ಕರೆ ಧ್ವನಿಮುದ್ರಣವಾಗುತ್ತದೆ, ಗೋಪ್ಯ ಕರೆಗೆ ಬೇರೆಯೇ ಅನುಮತಿ ಬೇಕು. ದೇಶದ ಹಲವು ರಾಜ್ಯಗಳ ಸೆರೆಮನೆಗಳಿಗೆ ಫೋನ್ ಸೇವೆ ಕೊಡುವ ಕಂಪನಿಯೊಂದರ ಸೋರಿಕೆಯಾದ ದಾಖಲೆಗಳಲ್ಲಿ ವಕೀಲ–ಕಕ್ಷಿದಾರರ ಕನಿಷ್ಠ 14,000 ಮಾತುಕತೆಗಳ ಧ್ವನಿಮುದ್ರಣ ಇತ್ತೆಂದು 2015ರಲ್ಲಿ ‘ದಿ ಇಂಟರ್‌ಸೆಪ್ಟ್’ ವರದಿ ಮಾಡಿತು. ಒಳಗಿನ ಹಲ್ಲೆಯ ಬಗ್ಗೆಯೋ ಕಾವಲುಗಾರರ ಬಗ್ಗೆಯೋ ಹೇಳಬೇಕಾದವನು ಅಂಥ ತಂತಿಯ ಮೇಲೆ ಬಾಯಿಬಿಡಲಾರ. ಬುದ್ಧಿಮಾಂದ್ಯತೆಯೋ ಮಾನಸಿಕ ಕಾಯಿಲೆಯೋ ಇರುವ ಕಕ್ಷಿದಾರನ ವಿಷಯದಲ್ಲಿ ಎದುರು ಕೂತು ಮುಖ ನೋಡದೆ ವಕೀಲರಿಗೆ ಏನೂ ತಿಳಿಯುವುದಿಲ್ಲ.

ಈ ಚರ್ಚೆ ನಮಗೆ ಹೊರಗಿನದಲ್ಲ. ಭಾರತದ ಸುಪ್ರೀಂ ಕೋರ್ಟ್ 1981ರ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ತೀರ್ಪಿನಲ್ಲಿ ಅಮೆರಿಕದ ಕೈದಿ ಹಕ್ಕಿನ ತೀರ್ಪುಗಳನ್ನು ಉಲ್ಲೇಖಿಸಿಯೇ ಮುಂದೆ ಹೋಯಿತು. ವಕೀಲರನ್ನು ಕಾಣಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ಕಸ್ಟಮ್ಸ್ ಅಧಿಕಾರಿ ಹತ್ತಿರ ಇರಬೇಕು ಎಂಬ ಷರತ್ತನ್ನು ತೆಗೆದುಹಾಕಿ, ಜೈಲು ಅಧೀಕ್ಷಕರಿಂದ ಸಮಯ ಪಡೆದು ಹಗಲಿನ ಯಾವುದೇ ಸೂಕ್ತ ಹೊತ್ತಿನಲ್ಲಿ ಕಾಣಬಹುದೆಂದಿತು. ಅಧಿಕಾರಿ ಇದ್ದರೂ ಕಣ್ಣಿಗೆ ಕಾಣುವಷ್ಟು ದೂರ, ಕಿವಿಗೆ ಕೇಳಿಸದಷ್ಟು ದೂರ. 2015ರ ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳ 61ನೆಯ ನಿಯಮ ಹೇಳುವುದೂ ಇದನ್ನೇ. ಆದರೆ ದೆಹಲಿಯ 2018ರ ಕಾರಾಗೃಹ ನಿಯಮ ಬಂಧುಗಳು, ಗೆಳೆಯರು, ವಕೀಲರು ಎಲ್ಲರನ್ನೂ ಸೇರಿಸಿ ವಾರಕ್ಕೆ ಎರಡೇ ಭೇಟಿ ಎಂದಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2023ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಲಿಲ್ಲ, 2024ರಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ತಾಯಿಯ ಭೇಟಿಯನ್ನು ವಕೀಲರ ಭೇಟಿಯ ಲೆಕ್ಕದಿಂದ ಬೇರೆ ಇಟ್ಟಿದ್ದಾರೆ. ದೆಹಲಿಯಲ್ಲಿ ಇಬ್ಬರಲ್ಲಿ ಯಾರನ್ನು ಬಿಡುವುದೆಂದು ಕೈದಿಯೇ ತೀರ್ಮಾನಿಸಬೇಕಾಗುತ್ತದೆ.